ಬೋಳು ಕಾರಿಗೆ ಹಾಕಿದ ಇಂಗ್ಲೆಂಡಿನ ರಬ್ಬರು

ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರಾಗಿದ್ದೆ. ಕೊಡಗಿಗೆ ಅದರದೇ ಮಂತ್ರಿಗಳು, ಅದರದೇ ವಿಧಾನಸಭೆ ಇದ್ದ ಕಾಲ. ನಮ್ಮ ಸಾಹುಕಾರರ ಬಳಿ ಯುದ್ಧಕ್ಕೆ ಮುಂಚಿನ ಒಂದು ಅಮೆರಿಕನ್ ಕಾರಿತ್ತು, ಎಂಟು ಸಿಲಿಂಡರಿನದು. ಸಾಹುಕಾರರು ಸೈನ್ಯದಲ್ಲಿದ್ದಾಗ ಅಸ್ಸಾಮಿನಲ್ಲಿ ಒಬ್ಬ ಅಮೆರಿಕನ್ ಸಿಪಾಯಿ ಅವರಿಗೆ ಫೋಟೋಗಳನ್ನು ತೋರಿಸಿದ್ದನಂತೆ. ಅವನ ಊರಿನ ಪಡ್ಡೆ ಹುಡುಗರು ಹಳೆಯ ಕಾರುಗಳ ಮಡ್‌ಗಾರ್ಡು, ಟಾಪು, ಬಾನೆಟ್ಟು ಎಲ್ಲ ಕಿತ್ತೆಸೆದು, ಇಂಜಿನ್ನಿಗೆ ಹುಚ್ಚು ಹಿಡಿಸಿ ಓಡಿಸುತ್ತಿದ್ದರಂತೆ. ಅಂಥ ಗಾಡಿಗೆ ಹಾಟ್ ರಾಡ್ ಎಂದು ಹೆಸರು. ಊರಿಗೆ ಮರಳಿದ ಸಾಹುಕಾರರು ತಮ್ಮ ಕಾರಿಗೂ ಅದೇ ಗತಿ ಕಾಣಿಸಿದರು. ಕೂಲಿ ಲೈನಿನ ಹೆಂಗಸರು ಅದನ್ನು ಬೋಳು ಕಾರು ಎಂದು ಕರೆದರು. ಅದಕ್ಕಿಂತ ಒಳ್ಳೆಯ ಹೆಸರು ಅಮೆರಿಕದವರಿಗೂ ಹೊಳೆದಿರಲಾರದು.

ಆ ಕಾರನ್ನು ಬೋಳು ಮಾಡಿದವರು ಕಾಕ. ಮಲೆಯಾಳದ ಕಡೆಯಿಂದ ಬಂದು ಎಸ್ಟೇಟಿನಲ್ಲಿ ಫಿಟ್ಟರಾಗಿದ್ದ ಮಾಪಿಳ್ಳೆಯವರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ, ಲಾರಿ, ಪಂಪು, ಸಾಹುಕಾರರ ಮನೆಯ ಗಡಿಯಾರ, ಎಲ್ಲದರ ಹೊಟ್ಟೆಯನ್ನೂ ಅವರೇ ಬಿಚ್ಚಿ ನೋಡುತ್ತಿದ್ದರು. ಕಾರಿನ ಇಂಜಿನ್ನಿಗೆ ಎರಡನೇ ಕಾರ್ಬುರೇಟರ್ ಕೂರಿಸಿದ್ದೂ ಅವರೇ. ಅದು ಸ್ಟಾರ್ಟಾದರೆ ಕಾಫಿ ಪಿಕಿಂಗಿನವರು ಮಾತು ನಿಲ್ಲಿಸುತ್ತಿದ್ದರು. ನಾನು ಆಫೀಸಿನ ಕಿಟಕಿ ಮುಚ್ಚುತ್ತಿದ್ದೆ.

ಮುಚ್ಚುವುದು, ಕಟ್ಟುವುದು, ಒರೆಸುವುದು, ಎರಡೆರಡು ಸಲ ನೋಡುವುದು, ಇವು ಹುಟ್ಟಿನಿಂದ ಬಂದ ನನ್ನ ರೋಗಗಳು. ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮಂದಿ. ನಮ್ಮ ಮನೆಯಲ್ಲಿ ಮಳೆಗೆ ಹೆದರುವವರು ಯಾರೂ ಇರಲಿಲ್ಲ. ಪಾಲಿಬೆಟ್ಟದ ಮೊದಲ ಮಳೆಗಾಲದಲ್ಲೇ ನನ್ನ ಚಪ್ಪಲಿಗೆ ಬೂಷ್ಟಿನ ಗಡ್ಡ ಬೆಳೆಯಿತು. ಅಂದಿನಿಂದ ಜೂನ್ ಬಂತೆಂದರೆ ನನಗೆ ಕಂಡದ್ದೆಲ್ಲ ಕೊಳೆಯುತ್ತಿರುವಂತೆ ಅನ್ನಿಸತೊಡಗಿತು.

ಅಂಥ ಒಂದು ಮೇ ತಿಂಗಳಲ್ಲಿ ಬೋಳು ಕಾರಿನ ಬ್ರೇಕು ಸವೆದಿದೆ ಎಂದು ಕಾಕ ಹೇಳಿದರು. ಅದರ ಬ್ರೇಕು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವಂಥದ್ದು. ನಾಲ್ಕು ಚಕ್ರಗಳ ಹತ್ತಿರವೂ ಒಂದೊಂದು ಸಣ್ಣ ಸಿಲಿಂಡರು, ಅದರೊಳಗೆ ಒಂದಂಗುಲ ಅಗಲದ, ಪುಟ್ಟ ಬಟ್ಟಲಿನಂಥ ರಬ್ಬರುಗಳು. ಇಂಗ್ಲಿಷಿನ ಕಪ್ ಎಂಬುದನ್ನೇ ಹಿಡಿದು ಫಿಟ್ಟರುಗಳು ಅವನ್ನು ಕಪ್ಪು ಎನ್ನುತ್ತಾರೆ. ಕಾಲು ಒತ್ತಿದರೆ ಎಣ್ಣೆ ಕಪ್ಪನ್ನು ತಳ್ಳುತ್ತದೆ, ಕಪ್ಪು ಬ್ರೇಕನ್ನು ತಳ್ಳುತ್ತದೆ. ಇಷ್ಟೇ. ಅಮೆರಿಕದ ಕಪ್ಪು ಸಿಗುತ್ತಿರಲಿಲ್ಲ. ಡಾಲರಿನ ಸಾಮಾನಿಗೆ ಸರ್ಕಾರ ಸುಲಭವಾಗಿ ಲೈಸೆನ್ಸ್ ಕೊಡುತ್ತಿರಲಿಲ್ಲ. ಕಾಕ ಹಳೆಯ ಕಪ್ಪೊಂದನ್ನು ಜೇಬಿನಲ್ಲಿಟ್ಟುಕೊಂಡು ಮಂಗಳೂರಿಗೆ ಹೋಗಿ, ಅಳತೆ ಹಾಕಿ ನೋಡಿ, ಇಂಗ್ಲೆಂಡಿನಲ್ಲಿ ಮಾಡಿದ ಒಂದು ಪೊಟ್ಟಣ ತಂದರು.

ಸಾಹುಕಾರರ ಚಿಕ್ಕಪ್ಪ ವರಾಂಡದ ಕುರ್ಚಿಯಿಂದಲೇ ತೀರ್ಪು ಕೊಟ್ಟರು. "ಅಮೆರಿಕದ ಗಾಡಿಗೆ ಇಂಗ್ಲೆಂಡಿನ ಪಾರ್ಟಾ? ಹೊರಗಿನದು ಹೊರಗಿನದೇ. ಒಗ್ಗುದಿಲ್ಲ."

"ಅಳತೆ ಒಂದೇ ಉಂಟು, ಸಾಹುಕಾರ್ರೆ," ಎಂದರು ಕಾಕ. "ರಬ್ಬರಿಗೆ ಊರು ಯಾವ್ದು?"

"ನಿಂಗೆ ಹಾಗೇ ಕಾಣೋದು ಬಿಡು. ನೀನೂ ಹೊರಗಿನವ್ನೇ ಅಲ್ವಾ?" ಎಂದರು ಚಿಕ್ಕಪ್ಪ.

ಎಲ್ಲರೂ ನಕ್ಕರು. ಕಾಕ ಕೂಡ ನಕ್ಕರು. ನಾನೂ ನಕ್ಕೆ. ಆ ವರಾಂಡದಲ್ಲಿ ನಿಂತಿದ್ದ ಇನ್ನೊಬ್ಬ ಹೊರಗಿನವನು ನಾನೇ ಎಂಬುದು ನೆನಪಿದ್ದೂ ನಕ್ಕೆ. ಆ ನಗುವಿನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮಳೆ ಕಳೆದ ಮೇಲೆ ಬ್ರೇಕಿನ ಕೆಲಸ ಮಾಡುವುದೆಂದಾಯಿತು. ಪೊಟ್ಟಣ ಸ್ಟೋರಿನಲ್ಲಿ ನನ್ನ ವಶಕ್ಕೆ ಬಂತು. ಹೆಚ್ಚಿಗಿದ್ದ ಎರಡು ಕಪ್ಪುಗಳನ್ನು ಮಾತ್ರ ಕಾಕ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಜುಲೈನಲ್ಲಿ ಸ್ಟೋರಿನ ಗೋಡೆ ಬೆವರತೊಡಗಿತು. ನನಗೆ ನಿದ್ದೆ ಹತ್ತಲಿಲ್ಲ. ಇಂಗ್ಲೆಂಡಿನಿಂದ ಬಂದ ರಬ್ಬರು ನನ್ನ ಕೈಯಲ್ಲಿ ಕೊಳೆತುಹೋದರೆ? ಸಾಹುಕಾರರ ಮನೆಯಲ್ಲಿ ಮಳೆಗಾಲದಲ್ಲಿ ಏನನ್ನಾದರೂ ಕಾಪಾಡಬೇಕಿದ್ದರೆ ಒಂದೇ ಔಷಧ: ಕೋವಿಗೆ ಹಚ್ಚುವ ಎಣ್ಣೆ. ಕತ್ತಿಗೆ ಅದೇ, ಬೀಗಕ್ಕೆ ಅದೇ, ಹೊಲಿಗೆ ಯಂತ್ರಕ್ಕೆ ಅದೇ. ನಾನು ಒಂದು ಬಟ್ಟೆಯನ್ನು ಆ ಎಣ್ಣೆಯಲ್ಲಿ ಅದ್ದಿ ಕಪ್ಪುಗಳನ್ನೆಲ್ಲ ಒಂದೊಂದಾಗಿ ಒರೆಸಿದೆ. ಹದಿನೈದು ದಿನಕ್ಕೊಮ್ಮೆ ಮತ್ತೆ ಒರೆಸಿದೆ. ಮಳೆಗಾಲ ಮುಗಿಯುವವರೆಗೆ, ತಪ್ಪದೆ. ಮಕ್ಕಳ ತಲೆಗೂ ನಾನು ಅಷ್ಟು ನಿಯಮದಿಂದ ಎಣ್ಣೆ ಹಚ್ಚಿದವನಲ್ಲ.

ಬ್ರೇಕಿನ ರಬ್ಬರಿಗೂ ಕೋವಿಯ ಎಣ್ಣೆಗೂ ಹುಟ್ಟಾ ವೈರ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಬ್ರೇಕಿಗೆ ಹಾಕುತ್ತಿದ್ದದ್ದು ಹರಳೆಣ್ಣೆಯ ಜಾತಿಯ ಎಣ್ಣೆ. ಕೋವಿಯದು ನೆಲದೆಣ್ಣೆ, ಪೆಟ್ರೋಲಿನ ಜಾತಿಯದು. ನೆಲದೆಣ್ಣೆ ತಾಗಿದರೆ ಆ ರಬ್ಬರು ಊದುತ್ತದೆ.

ಅಕ್ಟೋಬರಿನಲ್ಲಿ ಸಾಹುಕಾರರು ಕ್ಲಬ್ಬಿನ ಗೆಳೆಯರೊಬ್ಬರ ಜೊತೆ ಪಂದ್ಯ ಕಟ್ಟಿದರು. ಗೆಳೆಯರದು ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವುದರಲ್ಲಿ ಯಾರು ಮುಂದು ಎಂಬುದು ಪಂದ್ಯ. ಕಾಕನಿಗೆ ಅವಸರದ ಹುಕುಂ ಬಂತು. ಕಪ್ಪು ಕೂರಿಸುವಾಗ ಅವರು ತಲೆ ಎತ್ತಿ, "ಸಾಹುಕಾರ್ರೆ, ಇದು ತುಂಬ ಬಿಗಿ ಉಂಟು. ಎರಡು ದಿವಸ ಬಿಡಿ, ನಾನು ಓಡಿಸಿ ನೋಡ್ತೇನೆ" ಎಂದರು.

"ಹೊಸದು ಬಿಗಿ ಇರದೆ ಸಡಿಲ ಇರ್ತದಾ? ಹಾಕು, ಹಾಕು. ನಾಳೆ ಬೆಳಿಗ್ಗೆ ನಾನು ಸಂಪಾಜೆಯಲ್ಲಿ ಇರ್ಬೇಕು."

ಕಾಕ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮರುದಿನ ಗಡಿಯಾರ ಹಿಡಿಯಲು ಸಾಹುಕಾರರು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು. ಬಾಗಿಲಿಲ್ಲದ ಗಾಡಿ. ನಾನು ಒಂದು ಕೈಯಲ್ಲಿ ಸ್ಟಾಪ್ ವಾಚು, ಇನ್ನೊಂದರಲ್ಲಿ ಸೀಟಿನ ಕಂಬಿ ಹಿಡಿದು, ಮಡಿಕೇರಿ ದಾಟುವವರೆಗೆ ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಪಂದ್ಯ ಶುರುವಾಗಬೇಕಿದ್ದ ಸಂಪಾಜೆಯ ಕಡೆಗೆ ಘಾಟಿ ಇಳಿಯಲು ತೊಡಗಿದ ಸ್ವಲ್ಪ ಹೊತ್ತಿನಲ್ಲೇ ಸುಟ್ಟ ವಾಸನೆ ಬಂತು. ಊದಿದ ಕಪ್ಪುಗಳು ಹಿಂದೆ ಸರಿಯಲಾರದೆ ಬ್ರೇಕು ಹಿಡಿದುಕೊಂಡೇ ಇತ್ತು. ಹಿಡಿದು ಹಿಡಿದು ಡ್ರಮ್ಮು ಕಾದು ಕೆಂಡವಾಯಿತು. ಎಣ್ಣೆ ಕುದಿದುಹೋಯಿತು. ಆಮೇಲೆ ಸಾಹುಕಾರರು ಕಾಲು ಒತ್ತಿದರೆ ಪೆಡಲು ಸೀದಾ ಹಲಗೆಗೆ ಹೋಗಿ ಬಿತ್ತು. ಅವರು ಗೇರು ಇಳಿಸಿ, ಬಲಗಡೆಯ ಮಣ್ಣಿನ ದರೆಗೆ ಗಾಡಿಯನ್ನು ಉಜ್ಜಿಸಿ, ಚರಂಡಿಗೆ ಇಳಿಸಿ ನಿಲ್ಲಿಸಿದರು. ಎಡಗಡೆ ಪ್ರಪಾತ. ಅವರ ಧೈರ್ಯಕ್ಕೆ ನಾನು ಋಣಿ, ಅದರಲ್ಲಿ ಎರಡು ಮಾತಿಲ್ಲ. ಅವರ ಬಲಗೈ ಮುರಿಯಿತು. ನನ್ನ ಮುಂದಿನ ಎರಡು ಹಲ್ಲು ಹೋದವು.

ಲಾರಿ ಕಟ್ಟಿ ಎಳೆದು ತಂದ ಕಾರನ್ನು ಕಾಕ ಬಿಚ್ಚಿದರು. ಒಂದು ಕಪ್ಪನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದರು. ನೆನೆಸಿದ ಕಡಲೆಯ ಹಾಗೆ ಉಬ್ಬಿತ್ತು. ಮೂಸಿದರು. ಸ್ಟೋರಿಗೆ ಬಂದು ಖಾಲಿ ಪೊಟ್ಟಣವನ್ನೂ ಮೂಸಿದರು.

"ಪಡಚೋನೆ, ದೇವರೇ! ರೈಟ್ರೇ, ಇದಕ್ಕೆ ಎಂಥ ಹಚ್ಚಿದ್ದು ನೀವು?"

ಹೇಳಿದೆ. ಅವರು ಅಲ್ಲೇ ಗೋಣಿಚೀಲದ ಮೇಲೆ ಕುಳಿತುಬಿಟ್ಟರು.

"ನಾನು ಹೇಳಿದ್ರೆ ಅವರು ನಂಬುದಿಲ್ಲ," ಎಂದರು. "ನೀವು ಹೇಳ್ಬೇಕು. ಫಿಟ್ಟರಿಗೆ ಇರುದು ಕೈ, ಮತ್ತೆ ಹೆಸರು. ಕಾಕ ಕಟ್ಟಿದ ಬ್ರೇಕು ಘಾಟಿಯಲ್ಲಿ ಕೈ ಕೊಟ್ಟಿತು ಅಂತ ಒಂದು ಸಲ ಮಾತು ಹೋದ್ರೆ, ನನ್ನ ಹತ್ರ ಯಾರು ಗಾಡಿ ಬಿಡ್ತಾರೆ?"

ಎರಡು ದಿನ ನಾನು ಹೇಳಲಿಲ್ಲ. ಹಲ್ಲಿನ ನೋವು ಎಂದು ಬಾಯಿಗೆ ಬಟ್ಟೆ ಹಿಡಿದುಕೊಂಡು ತಿರುಗಿದೆ. ಮೂರನೆಯ ದಿನ ವರಾಂಡದಲ್ಲಿ ವಿಚಾರಣೆ ನಡೆಯಿತು. ಕುರ್ಚಿಯಲ್ಲಿ ಕೈಗೆ ಜೋಳಿಗೆ ಕಟ್ಟಿಕೊಂಡ ಸಾಹುಕಾರರು, ಪಕ್ಕದಲ್ಲಿ ಚಿಕ್ಕಪ್ಪ, ಎದುರು ಕ್ಲಬ್ಬಿನ ಆ ಗೆಳೆಯರು. ಮೆಟ್ಟಿಲ ಕೆಳಗೆ ಕಾಕ. "ಹೊರಗಿನ ಪಾರ್ಟು ಹಾಕಿ ನನ್ನನ್ನ ಕೊಲ್ತಿದ್ದೆಯಲ್ಲ," ಎಂದು ಸಾಹುಕಾರರು ಶುರುಮಾಡಿದರು. ನನಗೆ ಧೈರ್ಯ ಎಲ್ಲಿಂದ ಬಂತೋ, ನಡುವೆ ಹೋಗಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಬಟ್ಟೆ ಅದ್ದಿದ್ದು, ಒರೆಸಿದ್ದು, ಹದಿನೈದು ದಿನಕ್ಕೊಮ್ಮೆ.

ಈಗ ನನ್ನ ಕೆಲಸ ಹೋಯಿತು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕುಶಾಲನಗರದ ಬಸ್ಸು ಹತ್ತುವುದೇ ಎಂದುಕೊಂಡೆ. ಆಗ ಚಿಕ್ಕಪ್ಪ ಹೋ ಎಂದು ನಕ್ಕರು.

"ಪಾಪ, ರೈಟ್ರು! ಕಾಕನ್ನ ಉಳಿಸ್ಲಿಕ್ಕೆ ತಪ್ಪು ತನ್ನ ಮೇಲೆ ಹಾಕ್ಕೊಳ್ತಾರೆ. ಅಲ್ಲ ರೈಟ್ರೇ, ನಮ್ಮಪ್ಪನ ಕೋವಿ ಆ ಎಣ್ಣೆಯಲ್ಲೇ ಇಷ್ಟು ವರ್ಷ ನಿಂತಿದೆ. ಎಣ್ಣೆ ಹಚ್ಚಿದ್ರೆ ಸಾಮಾನು ಹಾಳಾಗ್ತದೆ ಅಂತ ಯಾರ ಹತ್ರ ಹೇಳ್ತೀರಿ?"

"ನಾನೇ ಹಚ್ಚಿದ್ದು ಸ್ವಾಮಿ, ನನ್ನ ಮಾತು ಕೇಳಿ..."

"ಒಳ್ಳೆ ಮನಸ್ಸು ನಿಮ್ದು. ಹೋಗಿ, ಹಲ್ಲಿಗೆ ಲವಂಗ ಇಟ್ಕೊಳ್ಳಿ."

ಬದುಕಿನಲ್ಲಿ ಒಂದೇ ಒಂದು ಸಲ ಧೈರ್ಯ ಮಾಡಿದವನಿಗೆ ಸಿಕ್ಕ ಉತ್ತರ ಲವಂಗ. ಆ ಸಿಟ್ಟಿನಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ. ಕಾಕನ ಪೆಟ್ಟಿಗೆಯಲ್ಲಿದ್ದ ಎರಡು ಕಪ್ಪು ಇಸಿದುಕೊಂಡು ಬಂದೆ. ಒಂದನ್ನು ಬ್ರೇಕಿನ ಎಣ್ಣೆ ತುಂಬಿದ ಗ್ಲಾಸಿನಲ್ಲಿ, ಇನ್ನೊಂದನ್ನು ಕೋವಿ ಎಣ್ಣೆಯ ಗ್ಲಾಸಿನಲ್ಲಿ ಹಾಕಿ, ವರಾಂಡದ ಮೂಲೆಯಲ್ಲಿ ಎಲ್ಲರ ಕಣ್ಣೆದುರೇ ಇಟ್ಟೆ. ಒಂದು ವಾರ ಕಾದೆ. ಆಮೇಲೆ ಸಾಹುಕಾರರ ಮುಂದೆ ಬ್ರೇಕಿನ ಸಿಲಿಂಡರು ತಂದಿಟ್ಟು ತೋರಿಸಿದೆ. ಮೊದಲ ಗ್ಲಾಸಿನದು ಸಲೀಸಾಗಿ ಒಳಗೆ ಹೋಯಿತು. ಎರಡನೆಯದು ಬಾಯಿಯಲ್ಲೇ ನಿಂತಿತು.

ಸಾಹುಕಾರರು ಎಡಗೈಯಿಂದ ಅದನ್ನು ಒತ್ತಿ ನೋಡಿದರು. ಅವರ ಮುಖ ಬದಲಾದದ್ದನ್ನು ನಾನು ಕಂಡೆ. ಇದನ್ನು ಪ್ರಮಾಣ ಮಾಡಿ ಹೇಳುತ್ತೇನೆ: ಅವರಿಗೆ ಅರ್ಥವಾಯಿತು. ಅಷ್ಟರಲ್ಲಿ ಚಿಕ್ಕಪ್ಪ, "ನೋಡಿ! ನಮ್ಮ ಎಣ್ಣೆಯನ್ನೂ ತಡ್ಕೊಳ್ಳದ ರಬ್ಬರು! ಹೊರಗಿನ ಮಾಲು ಅಂತ ನಾನು ಮೊದಲೇ ಹೇಳ್ಲಿಲ್ವಾ?" ಎಂದರು. ಸಾಹುಕಾರರು ಕಪ್ಪನ್ನು ಮೇಜಿನ ಮೇಲಿಟ್ಟರು.

"ಇರ್ಲಿ ರೈಟ್ರೇ. ಆದದ್ದು ಆಯ್ತು. ಕಾಕನಿಗೆ ಲೆಟರ್ ಬರೀರಿ. ಅಜಾಗರೂಕತೆಯಿಂದ ಕೆಲಸ ಮಾಡಿದ್ದಕ್ಕೆ ಬಿಡಿಸಿದೆ ಅಂತ."

"ಅದು ಸುಳ್ಳಲ್ವಾ ಸಾಹುಕಾರ್ರೆ?"

"ಬರೀರಿ ಅಂದೆ."

"ನೀವೇ ಬರೀರಿ," ಎಂದು ಪೆನ್ನನ್ನು ಅವರ ಮುಂದಿಟ್ಟೆ. ಅವರ ಬಲಗೈ ಜೋಳಿಗೆಯಲ್ಲಿತ್ತು. ಚಿಕ್ಕಪ್ಪನ ಕನ್ನಡಕ ಸಿಗಲಿಲ್ಲ. ಕೈ ಕಟ್ಟಿ ನಿಂತು ಕೆಲಸ ಮಾಡದಿರುವುದು, ನೋಡಿ, ನನ್ನ ಶೌರ್ಯ. ಆ ಲೆಟರು ಹುಟ್ಟಲೇ ಇಲ್ಲ.

ಆದರೆ ಮಾತಿಗೆ ಕಾಗದ ಯಾಕೆ ಬೇಕು? ಕಾಕ ಎಸ್ಟೇಟು ಬಿಟ್ಟರು. ಅವರು ಮೂರ್ನಾಡಿಗೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ರಸ್ತೆ ಬದಿ ಒಂದು ತಗಡಿನ ಶೆಡ್ಡು ಹಾಕಿಕೊಂಡರು. ಸೈಕಲ್ ಪಂಕ್ಚರು, ಪಂಪು, ಸೀಮೆಎಣ್ಣೆ ಸ್ಟವ್ವು ಬರುತ್ತಿದ್ದವು. ಕಾರು, ಲಾರಿ ಬರುತ್ತಿರಲಿಲ್ಲ. ಎಂಟು ಸಿಲಿಂಡರಿನ ಉಸಿರಾಟವನ್ನು ಕಿವಿಯಿಂದಲೇ ಹೇಳುತ್ತಿದ್ದ ಮನುಷ್ಯ ಸ್ಟವ್ವಿಗೆ ಪಿನ್ನು ಚುಚ್ಚುತ್ತ ಕುಳಿತರು.

ಬೋಳು ಕಾರನ್ನು ಮೈಸೂರಿನಿಂದ ಬಂದ ಇಬ್ಬರು ಮೆಕ್ಯಾನಿಕರು ಮುಟ್ಟಿ ನೋಡಿ ಕೈ ಬಿಟ್ಟರು. ಸಾಹುಕಾರರು ನನ್ನನ್ನೇ ಮೂರ್ನಾಡಿಗೆ ಕಳಿಸಿದರು. ಕಾಕ ಸ್ಟವ್ವಿನಿಂದ ತಲೆ ಎತ್ತಲಿಲ್ಲ.

"ಬರ್ತೇನೆ. ಅದೇ ವರಾಂಡದಲ್ಲಿ, ಅವತ್ತು ಕೂತಿದ್ದವರೆಲ್ಲ ಕೂತಿರ್ಲಿ. ಬ್ರೇಕು ಕೆಟ್ಟದ್ದು ಕಾಕನಿಂದ ಅಲ್ಲ ಅಂತ ಸಾಹುಕಾರ್ರು ಒಂದು ಮಾತು ಹೇಳ್ಲಿ. ಮತ್ತೆ ಕೂಲಿ ಕೂಡ ಬೇಡ."

ಅದನ್ನು ಹಾಗೆಯೇ ತಂದು ಒಪ್ಪಿಸಿದೆ. ಸಾಹುಕಾರರು ಅಂಗಳದ ಕಡೆ ತಿರುಗಿದರು. "ಒಬ್ಬ ಫಿಟ್ಟರಿಗೆ ನಾನು..." ಎಂದರು. ವಾಕ್ಯ ಮುಗಿಸಲಿಲ್ಲ. ಸಂಪಾಜೆ ಘಾಟಿಯಲ್ಲಿ ಬ್ರೇಕಿಲ್ಲದ ಗಾಡಿಯನ್ನು ದರೆಗೆ ಒರಗಿಸುವಷ್ಟು ಎದೆಗಾರಿಕೆ ಇದ್ದ ಮನುಷ್ಯ. ಮುಂದಿನ ವರ್ಷ ಕಾರಿನ ಇಂಜಿನ್ನನ್ನು ಕಿತ್ತು ಪಲ್ಪರಿಗೆ ಕಟ್ಟಿದರು.

ನಾನು ಕೆಲಸ ಬಿಟ್ಟೆನೆ? ಇಲ್ಲ. ಮಕ್ಕಳ ಫೀಸು, ಹೆಂಡತಿಯ ದಮ್ಮು, ನನ್ನ ಹೊಸ ಹಲ್ಲು ಎಂದೆಲ್ಲ ಲೆಕ್ಕ ಹಾಕಿ ಅಲ್ಲೇ ಉಳಿದೆ. ಆದರೆ ಮೂರ್ನಾಡಿನ ಮೇಲೆ ಹೋಗುವಾಗೆಲ್ಲ ಬಸ್ಸಿಳಿದು ಕಾಕನ ಶೆಡ್ಡಿನ ಬೆಂಚಿನಲ್ಲಿ ಕೂರುತ್ತಿದ್ದೆ. ಯಾರು ಕುಳಿತಿರಲಿ, "ಆ ಬೋಳು ಕಾರಿನ ಕಪ್ಪಿಗೆ ಕೋವಿ ಎಣ್ಣೆ ಹಚ್ಚಿದವ್ನು ನಾನು ಕಣ್ರೀ, ಇವ್ರದ್ದೇನೂ ತಪ್ಪಿಲ್ಲ" ಎಂದು ಶುರುಮಾಡುತ್ತಿದ್ದೆ. ಕೇಳಿದವರು ನನ್ನ ಬೆನ್ನು ತಟ್ಟಿ, ಒಳ್ಳೆಯ ಸ್ನೇಹಿತ ನೀವು ಎನ್ನುತ್ತಿದ್ದರು. ನನ್ನ ತಪ್ಪನ್ನು ನನ್ನದೆಂದು ಯಾರೊಬ್ಬರೂ ಒಪ್ಪಲಿಲ್ಲ.

ಹೋದ ತಿಂಗಳು ಕೂಡ ಹೋಗಿದ್ದೆ. ಸಾಹುಕಾರರು ತೀರಿಕೊಂಡ ಸುದ್ದಿ ಕಾಕನಿಗೆ ಗೊತ್ತಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಕಾಕ ಕೈ ಎತ್ತಿ ತಡೆದರು.

"ಸಾಕು ರೈಟ್ರೇ. ನೀವು ನೂರು ಸಲ ಹೇಳಿದ್ದೀರಿ. ನಂಗೆ ಬೇಕಾಗಿದ್ದು ಅವರ ಬಾಯಿಂದ ಒಂದು ಸಲ."

ಆಮೇಲೆ ನನಗೊಂದು ಚಾಯ ತರಿಸಿ, ಸ್ಟವ್ವಿನ ಕೆಲಸಕ್ಕೆ ತಿರುಗಿದರು.