ವಿಭೂತಿ ಆರುವ ಮೊದಲು

ಟಿ. ದಾಸರಹಳ್ಳಿಯಲ್ಲಿ ನಮ್ಮ ಬೀದಿಯ ಕೊನೆಗೆ ಮೂರಂತಸ್ತಿನ ಒಂದು ಕಟ್ಟಡವಿದೆ. ಬೋರ್ಡಿನ ಮೇಲೆ ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ಆದರೆ ಬೀದಿಯವರೆಲ್ಲ ಅಜ್ಜಂದಿರ ಬಿಲ್ಡಿಂಗ್ ಎನ್ನುತ್ತಾರೆ. ತಾವಾಗಿ ಏಳಲಾರದ, ಸ್ನಾನ ಮಾಡಲಾರದ ವಯಸ್ಸಾದವರನ್ನು ನೋಡಿಕೊಳ್ಳುವ ಜಾಗ ಅದು. ಮರಿಯಮ್ಮ ಅಲ್ಲಿ ಆಯಾ.

ಅವರು ಹುಟ್ಟಿದ್ದು ಇಲ್ಲೇ, ಇದಿನ್ನೂ ಹಳ್ಳಿಯಾಗಿದ್ದಾಗ. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಪೀಣ್ಯದ ಶೆಡ್ಡುಗಳಿವೆ. ಅಂಥ ಒಂದು ಶೆಡ್ಡಿನಲ್ಲಿ ಅವರ ಗಂಡ ಶ್ಯಾಮಣ್ಣ ಲೇತ್ ಓಡಿಸುತ್ತಾರೆ. ಮರಿಯಮ್ಮ ಮೊದಲು ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಅತ್ತೆ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು ವರ್ಷಗಟ್ಟಲೆ ಅವರನ್ನು ನೋಡಿಕೊಂಡರು. ಆಗ ಅವರ ಕೈಗೆ ಒಂದು ಅಭ್ಯಾಸವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಬಲಗೈಯ ಹಿಂಭಾಗವನ್ನು ಅತ್ತೆಯ ಹಣೆಗೆ ಮುಟ್ಟಿಸಿ, ಆಮೇಲೆ ಕುತ್ತಿಗೆಗೆ ಮುಟ್ಟಿಸಿ ನೋಡುವುದು. ಆ ಕೈ ಎಷ್ಟು ಪಳಗಿತೆಂದರೆ, ಬೀದಿಯಲ್ಲಿ ಯಾವ ಮಗುವಿಗೆ ಮೈ ಬಿಸಿಯಾದರೂ ತಾಯಂದಿರು ಮೊದಲು ಮರಿಯಮ್ಮನ ಹತ್ತಿರ ಎತ್ತಿಕೊಂಡು ಬರುತ್ತಿದ್ದರು. ಅವರು ಮುಟ್ಟಿ, "ಏನಿಲ್ಲ, ಬಿಸ್ಲಲ್ಲಿ ಆಡ್ಯದೆ" ಎನ್ನುತ್ತಿದ್ದರು, ಇಲ್ಲವೇ "ಡಾಕ್ಟ್ರ ತಾವ ಓಗ್ರವ್ವ" ಎನ್ನುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಅವರು ಅಜ್ಜಂದಿರ ಬಿಲ್ಡಿಂಗ್‌ಗೆ ಸೇರಿಕೊಂಡರು. ಅಲ್ಲಿರುವ ಹಿರಿಯರು ಹೆಚ್ಚಾಗಿ ದಾವಣಗೆರೆ, ಹರಿಹರ, ಕೊಟ್ಟೂರು ಕಡೆಯವರು. ಮಕ್ಕಳು ಇಲ್ಲಿ ಅಪಾರ್ಟ್‌ಮೆಂಟುಗಳಲ್ಲಿದ್ದಾರೆ. ಮಹಾಂತಮ್ಮ ಎಂಬ ಅಜ್ಜಿಯೂ ಹಾಗೇ ಬಂದವರು. ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ಇಬ್ಬರು ಹಿಡಿಯದೆ ಅವರು ಏಳುವಂತಿರಲಿಲ್ಲ. ಬೆಳ್ಳಂದೂರಿನಲ್ಲಿರುವ ಮಗಳು ಶೈಲಜಾ ಕಾಲೇಜಿನಲ್ಲಿ ಪಾಠ ಹೇಳುವವರು. ಭಾನುವಾರ ತಪ್ಪದೆ ಬಂದು ತಾಯಿಯ ತಲೆ ಬಾಚಿ ಹೋಗುತ್ತಿದ್ದರು.

ಅಜ್ಜಿಯ ಕೊರಳಲ್ಲಿ ಸಣ್ಣ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ಎಂಟನೇ ವಯಸ್ಸಿನಲ್ಲಿ ಕಟ್ಟಿದ್ದು, ಮೈಯಿಂದ ಬೇರೆ ಮಾಡಿದ್ದೇ ಇಲ್ಲ. ಸೊಂಟದ ಆಪರೇಷನ್ನಿಗೆ ಹೋದಾಗ ಮಾತ್ರ ಆಸ್ಪತ್ರೆಯವರು ಬಿಚ್ಚಿಸಿದ್ದರು. ಅದನ್ನು ಅವರು ಮರೆತಿರಲಿಲ್ಲ.

"ಮರಿಯವ್ವ, ಒಂದು ಮಾತು ಕೊಡು ನನಗ" ಎಂದು ಒಂದು ದಿನ ಕೇಳಿದರು. "ಏನರ ಆದರೂ ಆಸ್ಪತ್ರೆಗೆ ಕಳಸಬ್ಯಾಡ. ಇಲ್ಲೇ ನಿನ್ನ ಕೈಯಾಗ ಇರತೀನಿ. ಅಲ್ಲಿ ಹೋದರ ಕೊಳ್ಳಾಗಿನದು ಬಿಚ್ಚತಾರ. ಅದಿಲ್ಲದ ಜೀವ ಹೋಗಬಾರದು."

"ಆಯ್ತು ಕಣವ್ವ. ಕಳಸಾಕಿಲ್ಲ" ಎಂದರು ಮರಿಯಮ್ಮ. ಕೊರೊನಾ ಕಾಯಿಲೆಯ ಸುದ್ದಿ ಆಗಿನ್ನೂ ದೂರದ ದೇಶಗಳದ್ದಾಗಿತ್ತು.

ಲಾಕ್‌ಡೌನ್ ಬಂದಾಗ ಮ್ಯಾನೇಜರ್ ದಿವ್ಯಾ ಮೇಡಂ ಗೇಟು ಮುಚ್ಚಿಸಿದರು. ಅವರು ನರ್ಸಿಂಗ್ ಓದಿದವರು, ತುಂಬ ಎಚ್ಚರದವರು. ಸಂದರ್ಶಕರು ಬರಬಾರದು, ಕೆಲಸದವರು ಒಳಗೇ ಇರಬೇಕು, ಹಾಲಿನ ಪ್ಯಾಕೆಟ್ಟನ್ನೂ ಸೋಪು ನೀರಿನಲ್ಲಿ ತೊಳೆಯಬೇಕು. ಕೈಗೆ ಸದಾ ಗ್ಲೌಸ್ ಇರಬೇಕು. ದಿನವೂ ಎಲ್ಲರ ಜ್ವರ ನೋಡಬೇಕು. ವಾರ್ಡಿನ ಆರೋಗ್ಯ ಕೇಂದ್ರದವರು, ಯಾರಿಗಾದರೂ ಜ್ವರ ಬಂದರೆ ಫೋನ್ ಮಾಡಿ, ಬಂದು ಮೂಗಿನ ಟೆಸ್ಟ್ ಮಾಡುತ್ತೇವೆ ಎಂದಿದ್ದರು. ಜ್ವರವೇ ಇಲ್ಲದವರಿಗೆ ಟೆಸ್ಟ್ ಮಾಡುವಷ್ಟು ಕಿಟ್ಟುಗಳು ಅವರಲ್ಲಿ ಇರಲಿಲ್ಲ.

ಜ್ವರ ನೋಡಲು ಒಂದು ಯಂತ್ರ ಬಂತು. ಹಣೆಯ ಮುಂದೆ ಹಿಡಿದು ಗುಂಡಿ ಒತ್ತಿದರೆ ಅಂಕಿ ತೋರಿಸುತ್ತದೆ. ಎಲ್ಲರೂ ಅದನ್ನು ಗನ್ ಎನ್ನುತ್ತಿದ್ದರು. ಮೊದಲ ಬೆಳಿಗ್ಗೆ ಮರಿಯಮ್ಮ ಅದನ್ನು ಹಿಡಿದು ಹೋದಾಗ ಮಹಾಂತಮ್ಮ ಇನ್ನೂ ಹಾಸಿಗೆಯಲ್ಲಿದ್ದರು.

"ಏನವಾ ಇದು, ಮುಂಜಾನೆ ಎದ್ದ ಕೂಡ್ಲೆ ಹಣಿಗೆ ಪಿಸ್ತೂಲು ಹಿಡಿತಿ?"

"ಜ್ವರ ನೋಡೋದು ಕಣವ್ವ."

"ಜಳಕ ಇಲ್ಲ, ಈಬತ್ತಿ ಇಲ್ಲ, ಬರೇ ಹಣಿ. ಬರೇ ಹಣಿ ಯಾರಿಗೂ ತೋರಿಸಿದಾಕಿ ಅಲ್ಲ ನಾನು. ಪೂಜಿ ಆಗಲಿ, ಆಮ್ಯಾಲೆ ಬಾ."

ಪಕ್ಕದ ಕೋಣೆಯಿಂದ ಮುರಿಗೆಪ್ಪನವರ ದನಿ ಬಂತು. ಅವರು ಹರಿಹರದ ಕಡೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದವರು, ಪಾರ್ಶ್ವವಾಯುವಾಗಿ ಬಲಗೈ ಬಿದ್ದುಹೋಗಿತ್ತು. "ಮರಿಯಮ್ಮ, ಮೊದ್ಲು ನನಗ ಹೊಡಿ. ಪಿಂಚಣಿ ಕೊಡೋದು ತಪ್ಪತೈತಿ ಅವರಿಗೆ."

"ನಿಮಗೆ ಗುಂಡು ದಂಡ ಯಜಮಾನ್ರೇ" ಎಂದರು ಮರಿಯಮ್ಮ.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಮೊದಲು ಬಿಸಿನೀರಿನ ಸ್ನಾನ. ಆಮೇಲೆ ಮಹಾಂತಮ್ಮ ವಿಭೂತಿಯ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತೇಯ್ದು, ಮೂರು ಬೆರಳಿನಿಂದ ಹಣೆಯ ತುಂಬ ಎಳೆದುಕೊಳ್ಳುವರು. ಕೈ ಆಡದ ಮುರಿಗೆಪ್ಪನವರಿಗೆ ಮರಿಯಮ್ಮನೇ ಹಚ್ಚುವರು. ಉಳಿದವರೂ ಹಾಗೇ ಹಚ್ಚಿಕೊಳ್ಳುವರು. ಪೂಜೆ ಮುಗಿದು ಉಪ್ಪಿಟ್ಟು ಬರುವ ಮೊದಲು ಮರಿಯಮ್ಮ ಗನ್ ಹಿಡಿದು ಒಬ್ಬೊಬ್ಬರ ಮುಂದೆ ನಿಲ್ಲುವರು. ಪೂಜೆಯ ಕೊನೆಗೆ ಮತ್ತೊಮ್ಮೆ ವಿಭೂತಿ ಎಳೆದುಕೊಂಡಿರುತ್ತಿದ್ದರು, ಹಣೆ ಇನ್ನೂ ಒದ್ದೆಯಾಗಿರುತ್ತಿತ್ತು. ಅದನ್ನು ಒರೆಸಿ ನೋಡುವುದು ಮರಿಯಮ್ಮನ ಮನಸ್ಸಿಗೆ ಬರಲಿಲ್ಲ. ದೇವರ ಗುರುತನ್ನು ಯಾರಾದರೂ ಒರೆಸುತ್ತಾರೆಯೇ? ದಿವ್ಯಾ ಮೇಡಂಗೂ ಅದು ಹೊಳೆಯಲಿಲ್ಲ. ಅಂಕಿಗಳು ದಿನವೂ ಚೆನ್ನಾಗಿ ಬರುತ್ತಿದ್ದವು. ತೊಂಬತ್ತಾರು, ತೊಂಬತ್ತಾರೂವರೆ. ಎಲ್ಲರಿಗೂ ಸಮಾಧಾನವಾಗಿತ್ತು.

ಆ ವರ್ಷ ಅಲ್ಲಿ ಯಾರಿಗೂ ಏನೂ ಆಗಲಿಲ್ಲ. ಮರಿಯಮ್ಮ ಮನೆ ಬಿಟ್ಟು ತಿಂಗಳುಗಟ್ಟಲೆ ಒಳಗೇ ಉಳಿದರು. ಶೆಡ್ಡು ತೆರೆದ ಮೇಲೂ ಶ್ಯಾಮಣ್ಣ ಕೆಲಸ ಮುಗಿಸಿ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಒಮ್ಮೆ ಮುದ್ದೆ, ಸೊಪ್ಪಿನ ಸಾರು ಡಬ್ಬಿಯಲ್ಲಿ ತಂದಿದ್ದರು.

"ನಾನೇ ಮಾಡ್ದೆ. ಉಪ್ಪು ಜಾಸ್ತಿ ಆಗ್ಯದೆ" ಎಂದರು.

"ಅಲ್ಲೇ ಇಡು. ಡಬ್ಬಿ ತೊಳ್ದು ತಕ್ಕೋತೀನಿ."

"ಮುದ್ದೇನೂ ಸೋಪಲ್ಲಿ ತೊಳೀತೀಯಾ?"

"ನೀನು ಮಾಡಿದ್ದಲ್ವಾ, ತೊಳದ್ರೆ ರುಚಿ ಬಂದ್ರೂ ಬರಬೌದು."

ಶ್ಯಾಮಣ್ಣ ನಕ್ಕರು. ಆಮೇಲೆ, "ಯಾವಾಗ ಬತ್ತೀಯಾ?" ಎಂದು ಕೇಳಿದರು.

"ಇವರಿಗೆ ಏನೂ ಆಗ್ದಂಗೆ ಇದು ಕಳೀಲಿ. ಆ ಅಜ್ಜಿಗೆ ಮಾತು ಕೊಟ್ಟಿದೀನಿ."

ಮರುವರ್ಷದ ಬೇಸಿಗೆಗೆ ಕಾಯಿಲೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ತುಮಕೂರು ರಸ್ತೆಯಲ್ಲಿ ಹಗಲೆಲ್ಲ ಆಂಬುಲೆನ್ಸುಗಳ ಸದ್ದು. ಹಿರಿಯರಿಗೆ ಲಸಿಕೆಯ ಮೊದಲ ಸೂಜಿ ಆಗಿತ್ತು, ಎರಡನೆಯದು ಆಗಿರಲಿಲ್ಲ. ಕಾಯಿಲೆ ಒಳಗೆ ಹೇಗೆ ಬಂತೆಂದು ಇಂದಿಗೂ ಯಾರಿಗೂ ತಿಳಿಯದು. ನೀರಿನ ಮೋಟರು ರಿಪೇರಿಯವನು ಬಂದಿದ್ದ. ಅಡುಗೆಯ ಮುತ್ತು ಔಷಧಿ ಅಂಗಡಿಗೆ ಹೋಗಿದ್ದ.

ಮಹಾಂತಮ್ಮ ಒಂದು ಬೆಳಿಗ್ಗೆ ಉಪ್ಪಿಟ್ಟನ್ನು ಪಕ್ಕಕ್ಕೆ ಸರಿಸಿದರು. "ಬಾಯಿಗೆ ಮಣ್ಣು ಇಟ್ಟಂಗ ಆಗತೈತಿ" ಎಂದರು. ಮರುದಿನ ಸ್ನಾನಕ್ಕೆ ಎತ್ತುವಾಗ ಗ್ಲೌಸಿನ ಮೇಲಿಂದಲೇ ಅವರ ಮೈ ಬೆಚ್ಚಗಿದೆ ಎಂದು ಮರಿಯಮ್ಮನಿಗೆ ಅನ್ನಿಸಿತು. ಆದರೆ ರಬ್ಬರಿನೊಳಗಿನ ಕೈಗೆ ಎಲ್ಲವೂ ಬೆಚ್ಚಗೇ ಇರುತ್ತಿತ್ತು. ಕೈಯ ಹಿಂಭಾಗ ಮುಟ್ಟಿಸಿ ನೋಡುವುದನ್ನು ಬಿಟ್ಟು ವರ್ಷವಾಗಿತ್ತು. ಪೂಜೆಯಾದ ಮೇಲೆ ಗನ್ ಹಿಡಿದರು. ತೊಂಬತ್ತಾರೂವರೆ.

ಕೆಳಗೆ ಹೋಗಿ ಹೇಳಿದರು. "ಮೇಡಂ, ಅಜ್ಜಿ ಮೈ ಯಾಕೋ ಬಿಸಿ ಅನ್ಸ್ತದೆ."

"ರೀಡಿಂಗ್ ಎಷ್ಟು?"

"ತೊಂಬತ್ತಾರೂವರೆ."

"ಮತ್ತೆ? ಬಿಸಿನೀರು ಹಾಕಿರ್ತೀರ, ಮೈ ಬಿಸಿ ಇರುತ್ತೆ. ಈ ಸೆಕೆ ಬೇರೆ." ದಿವ್ಯಾ ಮೇಡಂ ಸ್ವಲ್ಪ ಯೋಚಿಸಿದರು. "ಟೆಸ್ಟಿಗೆ ಕರೆದ್ರೆ ಟೆಂಪರೇಚರ್ ಎಷ್ಟು ಅಂತಲೇ ಮೊದಲು ಕೇಳ್ತಾರೆ. ತೊಂಬತ್ತಾರು ಅಂದ್ರೆ ಯಾರೂ ಬರಲ್ಲ ಮರಿಯಮ್ಮ. ನಾಳೆನೂ ನೋಡಿ."

ನಾಳೆಯೂ ನೋಡಿದರು, ನಾಡಿದ್ದೂ ನೋಡಿದರು. ಗನ್ನಿನ ಅಂಕಿ ಬದಲಾಗಲಿಲ್ಲ. ಅಜ್ಜಿ ಮಾತ್ರ ದಿನದಿನಕ್ಕೆ ಮೆತ್ತಗಾದರು. ಆದರೂ ವಿಭೂತಿ ತೇಯುವುದನ್ನು ಬಿಡಲಿಲ್ಲ. ಮೈ ಒಳಗಿನಿಂದ ಉರಿಯುತ್ತಿದ್ದುದಕ್ಕೋ ಏನೋ, ಹಣೆ ತಣ್ಣಗಾಗುತ್ತದೆ ಎಂದು ಇನ್ನಷ್ಟು ದಪ್ಪಗೆ ಎಳೆದುಕೊಳ್ಳುತ್ತಿದ್ದರು. ಮಧ್ಯಾಹ್ನ ಅಜ್ಜಿ ಹೊದ್ದು ಮಲಗಿದಾಗ ಮರಿಯಮ್ಮನಿಗೆ ಒಮ್ಮೆ ಗ್ಲೌಸ್ ಬಿಚ್ಚಿ ಮುಟ್ಟಿ ನೋಡಬೇಕೆನಿಸಿತು. ಆದರೆ ಎಲ್ಲರಿಗೂ ದಿನವೂ ಗ್ಲೌಸ್ ಬಿಚ್ಚಬೇಡಿ ಎಂದು ಹೇಳುತ್ತಿದ್ದವರು ಅವರೇ. ಮುಟ್ಟಲಿಲ್ಲ.

ಕೊನೆಗೆ ಮುತ್ತುವಿಗೆ ಜ್ವರ ಬಂತು. ಅವನ ಹಣೆಯ ಮೇಲೆ ವಿಭೂತಿ ಇರಲಿಲ್ಲ, ಗನ್ ಕೂಡಲೇ ತೋರಿಸಿತು. ಆರೋಗ್ಯ ಕೇಂದ್ರದಿಂದ ಲೋಕೇಶ್ ಎಂಬ ಟೆಕ್ನಿಷಿಯನ್ ಬಂದರು. ಬಿಳಿ ಪ್ಲಾಸ್ಟಿಕ್ಕಿನ ಉಡುಪಿನಲ್ಲಿ ಬೆವೆತು ಹೋಗಿದ್ದರು. ಮುತ್ತುವಿನ ಟೆಸ್ಟ್ ಮುಗಿಸಿ, ಅವನು ಅಡುಗೆ ಮಾಡುವವನಾದ್ದರಿಂದ ಎಲ್ಲರದ್ದೂ ಮಾಡಿಬಿಡೋಣ ಎಂದರು. ಗಾಳಿಯಾಡಲೆಂದು ಹಿರಿಯರನ್ನು ಒಬ್ಬೊಬ್ಬರನ್ನಾಗಿ ಗಾಲಿಕುರ್ಚಿಯಲ್ಲಿ ಬಾಲ್ಕನಿಗೆ ತಂದರು.

ಮಹಾಂತಮ್ಮ ಕುರ್ಚಿಯಲ್ಲಿ ಒಂದು ಕಡೆ ವಾಲಿದ್ದರು. ಲೋಕೇಶ್ ತಮ್ಮ ಗನ್ನನ್ನು ಅವರ ಹಣೆಗೆ ಹಿಡಿದು ನೋಡಿದರು, ತೊಂಬತ್ತಾರೇ ಬಂತು. ಆಮೇಲೆ ಹಣೆಯನ್ನು ನೋಡಿದರು. ಸೆರಗು ಸ್ವಲ್ಪ ಸರಿಸಿ ಕುತ್ತಿಗೆಗೆ ಹಿಡಿದರು. ನೂರಾ ಎರಡು.

"ಅಕ್ಕ, ನೀವು ದಿನಾ ಎಲ್ಲಿ ಹಿಡಿದು ನೋಡ್ತಿದ್ರಿ?"

"ಹಣೆಗೇ. ಎಲ್ರಿಗೂ ಹಣೆಗೇ."

"ವಿಭೂತಿ ಹಚ್ಚಿದ ಮೇಲಾ?"

"ಪೂಜೆ ಆದ ಮೇಲೆ."

ಲೋಕೇಶ್ ಚೀಲದಿಂದ ಹತ್ತಿ ತೆಗೆದು ನೀರಿನಲ್ಲಿ ಅದ್ದಿದರು. ಒದ್ದೆ ಹತ್ತಿಯಿಂದ ಅಜ್ಜಿಯ ಹಣೆ ಒರೆಸಿ, ಒಣಗಲು ಬಿಟ್ಟು ಮತ್ತೆ ಹಿಡಿದರು. ನೂರಾ ಒಂದು ದಾಟಿತು. "ಒದ್ದೆ ಇದ್ರೆ ತಣ್ಣಗೆ ತೋರ್ಸುತ್ತೆ ಅಕ್ಕ" ಎಂದು ಮೆಲ್ಲಗೆ ಹೇಳಿದರು. "ನಿಮಗೆ ಯಾರೂ ಹೇಳಿರಲ್ಲ."

ಮರಿಯಮ್ಮ ಎಡಗೈಯಿಂದ ಬಲಗೈಯ ಗ್ಲೌಸ್ ಎಳೆದು ಬಿಚ್ಚಿದರು. ಯಾರನ್ನೂ ಕೇಳದೆ ಕೈಯ ಹಿಂಭಾಗವನ್ನು ಮಹಾಂತಮ್ಮನವರ ಹಣೆಗೆ ಮುಟ್ಟಿಸಿದರು, ಆಮೇಲೆ ಕುತ್ತಿಗೆಗೆ. ಆಮೇಲೆ ಪಕ್ಕದ ಕುರ್ಚಿಯ ಮುರಿಗೆಪ್ಪನವರಿಗೆ. ಆಮೇಲೆ ಬಾಗಿಲಲ್ಲಿ ಕಾಯುತ್ತಿದ್ದವರಿಗೆ. ಎಷ್ಟೋ ಜನರ ಮೈ ಸುಡುತ್ತಿತ್ತು.

ಕೇಂದ್ರದಿಂದ ತಂದಿದ್ದ, ಬೆರಳಿಗೆ ಹಾಕಿ ನೋಡುವ ಯಂತ್ರದಲ್ಲಿ ಮಹಾಂತಮ್ಮನವರ ಆಮ್ಲಜನಕ ಎಂಬತ್ತಕ್ಕಿಂತ ಕೆಳಗಿತ್ತು. ಇಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದರು ಲೋಕೇಶ್. ದಿವ್ಯಾ ಮೇಡಂ ಶೈಲಜಾ ಅವರಿಗೆ ಫೋನ್ ಮಾಡಿದರು. ಅವರಿಗೂ ಕಾಯಿಲೆ ಬಂದು ಮನೆಯಲ್ಲೇ ಮಲಗಿದ್ದರು. ಮಲಗಿದಲ್ಲಿಂದಲೇ ಅವರಿಗಿವರಿಗೆ ಫೋನ್ ಮಾಡಿ, ಊರಿನ ಇನ್ನೊಂದು ತುದಿಯ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಹುಡುಕಿದರು. ಮರುದಿನ ಮಧ್ಯಾಹ್ನ ಆಂಬುಲೆನ್ಸ್ ಬಂತು.

"ಮೈ ಮೇಲಿನ ಒಡವೆ ಎಲ್ಲ ತೆಗೆದುಬಿಡಿ, ಅಲ್ಲಿ ಕಳೆದ್ರೆ ನಾವು ಜವಾಬ್ದಾರರಲ್ಲ" ಎಂದ ಆಂಬುಲೆನ್ಸಿನವನು. ಮಹಾಂತಮ್ಮ ಕಣ್ಣು ತೆರೆದು ಮರಿಯಮ್ಮನನ್ನು ನೋಡಿದರು. ಮಾತಾಡುವ ಶಕ್ತಿ ಇರಲಿಲ್ಲ. ಕೈ ಮಾತ್ರ ಕೊರಳಿನ ಹತ್ತಿರ ಹೋಗಿ ಕರಡಿಗೆಯನ್ನು ಹಿಡಿದುಕೊಂಡಿತು.

ಮರಿಯಮ್ಮ ಬಳೆ ತೆಗೆದರು, ಓಲೆ ತೆಗೆದರು. "ಅದೊಂದು ಬುಟ್ಬುಡಪ್ಪ" ಎಂದರು. "ಅದು ಒಡವೆ ಅಲ್ಲ. ಅದನ್ನ ಬಿಚ್ಚಬ್ಯಾಡಿ ಅಂತ ಅಲ್ಲಿ ಏಳಪ್ಪ, ನಿಂಗೆ ಕೈ ಮುಗೀತೀನಿ."

"ಹೇಳ್ತೀನಮ್ಮ" ಎಂದ ಅವನು. ಹೇಳಿದನೋ ಇಲ್ಲವೋ ಗೊತ್ತಿಲ್ಲ. ಅವನಿಗೆ ಇನ್ನೂ ಬೇರೆ ಮನೆಗಳಿಗೆ ಹೋಗುವುದಿತ್ತು.

ಮಹಾಂತಮ್ಮ ಆ ಆಸ್ಪತ್ರೆಯಲ್ಲೇ ತೀರಿಕೊಂಡರು. ಅವರ ಕಡೆಯವರು ಮಣ್ಣಿಗಿಡುತ್ತಾರೆ, ಕೂರಿಸಿ, ಲಿಂಗವನ್ನು ಕೈಯಲ್ಲಿಟ್ಟು. ಆ ದಿನಗಳಲ್ಲಿ ಹಾಗೆಲ್ಲ ಕೇಳುವಂತಿರಲಿಲ್ಲ. ಊರ ಹೊರಗಿನ ಚಿತಾಗಾರದಲ್ಲಿ ಸುಟ್ಟರು ಎಂದು ಆಸ್ಪತ್ರೆಯವರು ಶೈಲಜಾ ಅವರಿಗೆ ಫೋನಿನಲ್ಲಿ ಹೇಳಿದರು. ಕರಡಿಗೆ ಮರಳಿ ಬರಲಿಲ್ಲ. ಅವರ ಜೊತೆಗೇ ಹೋಯಿತೋ, ಯಾರಾದರೂ ಬಿಚ್ಚಿಟ್ಟರೋ ತಿಳಿಯಲಿಲ್ಲ. ಶೈಲಜಾ ಗುಣವಾದ ಮೇಲೆ ಆಸ್ಪತ್ರೆಗೆ ಹಲವು ಸಲ ಹೋಗಿ ಕೇಳಿದರು. ಒಮ್ಮೆ ಅಜ್ಜಂದಿರ ಬಿಲ್ಡಿಂಗ್‌ಗೂ ಬಂದು, "ಹೋಗುವಾಗ ಕೊರಳಲ್ಲಿ ಇತ್ತಲ್ವಾ ಮರಿಯಮ್ಮ?" ಎಂದು ಕೇಳಿದರು. "ಇತ್ತು ಕಣಮ್ಮ" ಎಂದರು ಮರಿಯಮ್ಮ. ಒದ್ದೆ ವಿಭೂತಿಯ ವಿಷಯ ಶೈಲಜಾ ಅವರಿಗೆ ಗೊತ್ತಿತ್ತು. ದಿವ್ಯಾ ಮೇಡಂ ಹೇಳಿದ್ದರು. ಅವರು ಆ ಮಾತೆತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮರಿಯಮ್ಮ ಈಗಲೂ ಹೇಳುತ್ತಾರೆ.

ಆ ತಿಂಗಳು ಇನ್ನೂ ಹಲವು ಹಾಸಿಗೆಗಳು ಖಾಲಿಯಾದವು. ಮುರಿಗೆಪ್ಪ ಉಳಿದರು. ಮರಿಯಮ್ಮ ಮನೆಗೆ ಹೋದಾಗ ಶ್ಯಾಮಣ್ಣ, "ಆ ಕೆಲಸ ಸಾಕು ಬುಡು" ಎಂದರು. ಬಿಡಲಿಲ್ಲ. ಹಾಗೆಂದು ಅದರಲ್ಲಿ ಮರಿಯಮ್ಮನಿಗೆ ಮನಸ್ಸೂ ಇಲ್ಲ. ಹೊಸಬರು ಬರುತ್ತಾರೆ, ಅವರನ್ನು ಎತ್ತುತ್ತಾರೆ, ಇಳಿಸುತ್ತಾರೆ. ಯಾರಿಗೂ ಮಾತು ಕೊಡುವುದಿಲ್ಲ. ಗನ್ನು ಈಗ ಆಫೀಸಿನ ಡ್ರಾಯರಿನಲ್ಲಿದೆ, ಯಾರೂ ಕೇಳುವುದಿಲ್ಲ. ಬೀದಿಯ ತಾಯಂದಿರು ಮಗುವನ್ನು ಎತ್ತಿಕೊಂಡು ಬಂದರೆ, "ನನ್ನ ಕೈಗೆ ಗೊತ್ತಾಗಕಿಲ್ಲ, ಡಾಕ್ಟ್ರ ತಾವ ಓಗಿ" ಎನ್ನುತ್ತಾರೆ.

ಬೆಳಗಿನ ಸ್ನಾನವಾದ ಮೇಲೆ ಮುರಿಗೆಪ್ಪ ಕುರ್ಚಿಯಲ್ಲಿ ಕೂತು ಮುಖ ಮೇಲೆತ್ತುತ್ತಾರೆ. ಮರಿಯಮ್ಮ ಅಂಗೈಯಲ್ಲಿ ವಿಭೂತಿ ತೇಯ್ದುಕೊಂಡು ಎದುರಿಗೆ ನಿಲ್ಲುತ್ತಾರೆ. ಹಚ್ಚುವ ಮೊದಲು ಇನ್ನೊಂದು ಕೈಯನ್ನು ಅವರ ಹಣೆಗಿಟ್ಟು ನೋಡುತ್ತಾರೆ. ತೆಗೆಯುತ್ತಾರೆ, ಮತ್ತೆ ಇಡುತ್ತಾರೆ.

"ಬಿಸಿ ಐತೇನು?"

"ಇಲ್ಲ ಯಜಮಾನ್ರೇ."

"ಮತ್ತ ಹಚ್ಚು."

"ಗೊತ್ತಾಗ್ತಿಲ್ಲ. ತಡೀರಿ."

ಮೊದಮೊದಲು ಮುರಿಗೆಪ್ಪ ತಮಾಷೆ ಮಾಡುತ್ತಿದ್ದರು. ಈಗ ಮುಖ ಮೇಲೆತ್ತಿಯೇ ಕಾಯುತ್ತಾರೆ. ಅಂಗೈಯಲ್ಲಿ ತೇಯ್ದ ವಿಭೂತಿ ಅಲ್ಲೇ ಆರಿ, ಬಿಳಿಯ ಪುಡಿಯಾಗಿ ನೆಲಕ್ಕೆ ಉದುರುತ್ತದೆ. ಕೆಲವು ದಿನ ಮರಿಯಮ್ಮ ಮತ್ತೆ ತೇಯುತ್ತಾರೆ. ಕೆಲವು ದಿನ ಉಪ್ಪಿಟ್ಟು ಬಂದುಬಿಡುತ್ತದೆ, ಮುರಿಗೆಪ್ಪ ಬರಿ ಹಣೆಯಲ್ಲೇ ತಿನ್ನಲು ಕೂರುತ್ತಾರೆ.