ಟೈಲರಮ್ಮನ ಕೈಗುಣ

ನಿಂಬೆ ಪುಡಿಂಗಿನ ವಿಷಯದಲ್ಲಿ ಟೈಲರಮ್ಮನನ್ನು ಸರಿಗಟ್ಟುವವರು ಈ ಬೀದಿಯಲ್ಲಿ ಹುಟ್ಟಿಲ್ಲ, ಪಕ್ಕದ ಬೀದಿಯಲ್ಲಿ ಹುಟ್ಟುವ ಲಕ್ಷಣವಿಲ್ಲ, ಎಲ್ಲಾದರೂ ತಪ್ಪಿ ಹುಟ್ಟಿದರೂ ಅಷ್ಟು ಹೊತ್ತು ಒಲೆಯ ಮುಂದೆ ನಿಲ್ಲುವ ಕಾಲು ಅವರಿಗಿರುವುದಿಲ್ಲ. ಈ ಮಾತು ಹೇಳಿದವಳು ಸ್ವತಃ ಟೈಲರಮ್ಮ. ವರ್ಷಕ್ಕೊಮ್ಮೆ ಹಬ್ಬದ ದೊಡ್ಡ ರಜೆಗೆ ನೆಂಟರೆಲ್ಲ ಬಂದು ಸೇರಿ, ಬಟ್ಟಲುಗಳು ಖಾಲಿಯಾದ ಮೇಲೆ, ಹಣೆ ಒರೆಸಿಕೊಳ್ಳುತ್ತ ಹೇಳುತ್ತಿದ್ದಳು. ಹಣೆಯ ಮೇಲೆ ಒಂದು ಹನಿ ಬೆವರೂ ಇರುತ್ತಿರಲಿಲ್ಲ. ಅದನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಬಟ್ಟಲಿನ ತಳದಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ಹುಡುಕುತ್ತಿದ್ದವು.

ಪುಡಿಂಗು ಹಾಗಿತ್ತು. ತಳದಲ್ಲಿ ಬೆಣ್ಣೆ ಕಲಸಿ ಅಮುಕಿದ ಬಿಸ್ಕತ್ತಿನ ಪುಡಿ, ಅದರ ಮೇಲೆ ಕೆನೆಬಣ್ಣದ ಗಟ್ಟಿ ಹಾಲು, ಹಾಲಿನೊಳಗೆ ನಿಂಬೆಯ ಹುಳಿ. ಚಮಚ ನೆಟ್ಟರೆ ವಿದ್ಯುತ್ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಎದುರುಮನೆಯ ಮೇಷ್ಟ್ರು ಒಮ್ಮೆ ಇದನ್ನು ತಿಂದ ಭರದಲ್ಲಿ ಕಟ್ಟಿಸಿದ ಹಲ್ಲುಸೆಟ್ಟನ್ನು ಬಟ್ಟಲಲ್ಲೇ ಬಿಟ್ಟು ಮನೆಗೆ ಹೋಗಿದ್ದರು; ಮಾರನೆಯ ದಿನ ರೊಟ್ಟಿ ಕಚ್ಚುವವರೆಗೂ ಅವರಿಗೆ ಹಲ್ಲಿನ ನೆನಪೇ ಬರಲಿಲ್ಲವಂತೆ.

ಒಳಗಿನ ಸಂಗತಿ ಬೇರೆ. ರಜೆಯ ಹಿಂದಿನ ವಾರ ಟೈಲರುಗಳಿಗೆ ಉಸಿರಾಡಬೇಕೆಂದರೂ ಮುಂಚಿತವಾಗಿ ತಾರೀಕು ಗೊತ್ತುಮಾಡಿಕೊಳ್ಳಬೇಕು. ಗಂಡ ಹೋದ ಮೇಲೆ ಹೊಲಿಗೆ ಮಿಷನ್ನೇ ಅವಳ ಸಂಸಾರ ಎಳೆದ ಎತ್ತು. ಅಂಥ ಒಂದು ರಜೆಯ ದಿನ ಪಾಯಸಕ್ಕೆಂದು ಹಾಲು ಕಾಯಲಿಟ್ಟು, ಯಾರದೋ ಪ್ಯಾಂಟಿನ ಜಿಪ್ಪಿಗೆ ಕೂತವಳು ಎದ್ದು ನೋಡುವಷ್ಟರಲ್ಲಿ ಹಾಲು ಸೀದು ಪಾತ್ರೆಯೇ ಇದ್ದಿಲಾಗಿತ್ತು. ನೆಂಟರು ಬಾಗಿಲಲ್ಲಿ. ಟೀಗೆಂದು ಯಾರೋ ಕೊಟ್ಟಿದ್ದ ಸಿಹಿ ಹಾಕಿದ ಗಟ್ಟಿ ಡಬ್ಬಿ ಹಾಲು ಕಪಾಟಿನ ಮೂಲೆಯಲ್ಲಿತ್ತು. ಡಬ್ಬಿ ಒಡೆದಳು, ಮನೆಯಲ್ಲಿದ್ದ ಬಿಸ್ಕತ್ತನ್ನು ಪುಡಿಮಾಡಿ ಅದರ ಮೇಲೆ ಸುರಿದಳು, ಕೈಗೆ ಸಿಕ್ಕ ನಿಂಬೆಹಣ್ಣು ಹಿಂಡಿ ತಿರುವಿದಳು. ಯಾರದೋ ಪುಣ್ಯಕ್ಕೆ ಅದು ತಾನಾಗಿಯೇ ಗಟ್ಟಿಯಾಯಿತು. ನಾದಿನಿ ಮೊದಲ ಚಮಚಕ್ಕೇ ಕಣ್ಣು ಮುಚ್ಚಿದಳು.

"ಅತ್ತಿಗೆ, ಹಾಲು ಎಷ್ಟು ಹೊತ್ತು ಕಾಯಿಸಿದ್ಯೇ?"

"ಬೆಳಗಿನಿಂದ" ಎಂದುಬಿಟ್ಟಿತು ಟೈಲರಮ್ಮನ ದಣಿದ ನಾಲಗೆ.

ಆಡಿದ್ದು ಆಡಿಯಾಗಿತ್ತು. ಮುಂದಿನ ವರ್ಷ ಅದು ನಸುಕಿನಿಂದ ಆಯಿತು, ಅದರ ಮುಂದಿನ ವರ್ಷ ಹಿಂದಿನ ದಿನದಿಂದ. ಹೀಗೇ ಬಿಟ್ಟಿದ್ದರೆ ಹಾಲು ಹಸುವಿನ ಕೆಚ್ಚಲಲ್ಲಿರುವಾಗಲೇ ಟೈಲರಮ್ಮ ಕಾಯಿಸಲು ಶುರುಮಾಡುತ್ತಿದ್ದಳು. ಡಬ್ಬಿಗಳನ್ನು ಚೂರುಬಟ್ಟೆಯ ಮೂಟೆಯೊಳಗೆ ಅಡಗಿಸಿಡುತ್ತಿದ್ದಳು. ಮುರಿದ ಸೂಜಿ, ಗುಂಡುಪಿನ್ನುಗಳಿರುವ ಆ ಮೂಟೆಗೆ ಕೈಹಾಕುವ ಧೈರ್ಯ ಇಲಿಗೂ ಇರಲಿಲ್ಲ.

ಈ ವರ್ಷ ಮನೆಗೆ ಸೊಸೆ ಬಂದಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂಗಳನ್ನು ಬೆರಳ ತುದಿಯಲ್ಲಿ ಆಡಿಸುವ ಹುಡುಗಿ. ನಾದಿನಿ ಫೋನಿನಲ್ಲೇ ತೀರ್ಪು ಕೊಟ್ಟಳು: "ಈ ಸಲ ಪುಡಿಂಗು ಹೊಸ ಸೊಸೆ ಮಾಡ್ಲಿ ಅತ್ತಿಗೆ. ನೋಡೋಣ, ಕೈಗುಣ ಹೇಗಿದೆ ಅಂತ."

ಸೊಸೆ ಅದೇ ಸಂಜೆ ಮಿಷನ್ನಿನ ಪಕ್ಕ ಬಂದು ನಿಂತಳು. "ಅತ್ತೆ, ನಂಗೂ ಹೇಳಿಕೊಡಿ. ನಿಮ್ಮಷ್ಟು ಅಲ್ಲದಿದ್ರೂ ನಿಮ್ಮ ಮರ್ಯಾದೆ ಉಳಿಸೋಷ್ಟು ಮಾಡ್ತೀನಿ."

ಹೇಳಿಬಿಡಬಹುದಿತ್ತು. ಮೂಟೆ ಕಾಲ ಬುಡದಲ್ಲೇ ಇತ್ತು. ಆದರೆ ಹುಡುಗಿ ಅವಳನ್ನು ನೋಡುತ್ತಿದ್ದ ರೀತಿಯಲ್ಲಿ ಯಾರೂ ಯಾವತ್ತೂ ಟೈಲರಮ್ಮನನ್ನು ನೋಡಿರಲಿಲ್ಲ. ಬಟ್ಟೆ ಕೊಟ್ಟವರೆಲ್ಲ ಅವಳ ಮುಖ ನೋಡದೆ ಕನ್ನಡಿ ನೋಡಿಕೊಂಡೇ ಹೋಗಿದ್ದರು.

"ಹಾಲಿಗೆ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿಟ್ಟು ಕಲಕ್ತಾ ಇರು" ಎಂದಳು ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ. "ಕೈ ಮಾತ್ರ ಬಿಡಬೇಡ. ಗಟ್ಟಿ ಆದ್ಮೇಲೆ ನಿಂಬೆ ಹಿಂಡು."

ಹುಡುಗಿ ಅಂಗಡಿಗೆ ರಜೆ ಹಾಕಿ ಒಲೆಯ ಮುಂದೆ ನಿಂತಳು. ಇಡೀ ದಿನ ಅಡುಗೆಮನೆಯಿಂದ ಸೌಟು ಪಾತ್ರೆಯ ತಳ ಕೆರೆಯುವ ಸದ್ದು. ಮುಂಭಾಗದ ಕೋಣೆಯಲ್ಲಿ ಟೈಲರಮ್ಮನಿಗೆ ಅದು ತನ್ನ ಬೆನ್ನನ್ನೇ ಕೆರೆದಂತೆ ಕೇಳುತ್ತಿತ್ತು. ಪೆಡಲ್ ಜೋರಾಗಿ ತುಳಿದು ಆ ಸದ್ದನ್ನು ಮುಚ್ಚಲು ನೋಡಿದಳು. ಬ್ಯಾಂಕಿನವನ ಅಂಗಿಗೆ ಎರಡು ತೋಳನ್ನೂ ಒಂದೇ ಕಡೆ ಹೊಲಿದಿಟ್ಟಳು. ಸಂಜೆ ನಿಂಬೆ ಬಿದ್ದದ್ದೇ ತಡ, ಹಾಲು ಒಡೆದು ಒಂದು ಕಡೆ ನೀರು, ಒಂದು ಕಡೆ ಗಂಟು. ದಿನವಿಡೀ ಕಾಯಿಸಿ ಗಟ್ಟಿಮಾಡಿದ ಹಾಲೂ ನಿಂಬೆಗೆ ಒಡೆಯುತ್ತದೆಂದು ಟೈಲರಮ್ಮನಿಗೆ ಗೊತ್ತಾದದ್ದೂ ಆಗಲೇ. ತಾನು ಹೇಳಿಕೊಟ್ಟದ್ದನ್ನು ತಾನೇ ಎಂದೂ ಮಾಡಿ ನೋಡಿರಲಿಲ್ಲವಲ್ಲ.

"ಉರಿ ಜಾಸ್ತಿ ಆಯ್ತೇನೋ" ಎಂದಳು. ತನ್ನ ಬಾಯಿಂದ ಅದು ಹೊರಬಿದ್ದದ್ದಕ್ಕೆ ತನಗೇ ಹೇಸಿಗೆಯಾಯಿತು.

ಸೊಸೆ ಮಾರನೆಯ ದಿನ ಮತ್ತೆ ನಿಂತಳು. ಮತ್ತೆ ಒಡೆಯಿತು. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಅತ್ತೆ ಕಂಡಾಗಲೆಲ್ಲ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಟೈಲರಮ್ಮ ಹೇಳಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಹೋಗುವಳು, ಒಂದು ಲೋಟ ನೀರು ಕುಡಿದು ವಾಪಸ್ಸು ಬರುವಳು. ಆ ದಿನಗಳಲ್ಲಿ ಅವಳು ಕುಡಿದ ನೀರಿಗೆ ಬೀದಿಯ ಟ್ಯಾಂಕು ಬತ್ತಿಹೋಗಬೇಕಿತ್ತು.

ನೆಂಟರು ಬಂದರು. ಊಟವಾಯಿತು. ಸೊಸೆ ಬೇರೆ ದಾರಿಯಿಲ್ಲದೆ ಒಡೆದದ್ದನ್ನೇ ಬಟ್ಟಲುಗಳಿಗೆ ಹಾಕಿ ತಂದಿಟ್ಟಳು. ನಾದಿನಿ ಬಟ್ಟಲೆತ್ತಿ ಓಲಾಡಿಸಿದಳು. ಪುಡಿಂಗು ಹೊಂಡದ ನೀರಿನಂತೆ ತುಳುಕಿತು.

"ಇದೇನಮ್ಮ, ತಿನ್ನೋದಾ, ಈಜೋದಾ? ತವರಲ್ಲಿ ಒಲೆ ಹಚ್ಚೋದಾದ್ರೂ ಹೇಳಿಕೊಟ್ಟಿದ್ರೋ, ಅದೂ ಇಲ್ವೋ?"

ಕೆಲವರು ನಕ್ಕರು. ಮೇಷ್ಟ್ರು ಹಲ್ಲುಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡರು, ಇವತ್ತು ಅದಕ್ಕೆ ಕೆಲಸವಿಲ್ಲ ಎನ್ನುವಂತೆ. ಸೊಸೆ ತಲೆ ಎತ್ತಲಿಲ್ಲ. ಟೈಲರಮ್ಮನ ಕಡೆ ತಿರುಗಿ, "ನೀವು ಸರಿಯಾಗೇ ಹೇಳಿಕೊಟ್ರಿ ಅತ್ತೆ, ನಂಗೇ ಬರ್ಲಿಲ್ಲ. ತಪ್ಪಾಯ್ತು" ಎಂದಳು.

ಆ "ತಪ್ಪಾಯ್ತು" ಟೈಲರಮ್ಮನ ಎದೆಗೆ ದಬ್ಬಣದಂತೆ ನಾಟಿತು.

"ಅವಳದ್ದೇನೂ ತಪ್ಪಿಲ್ಲ" ಎಂದಳು ಎದ್ದುನಿಂತು. "ಪುಡಿಂಗಿಗೆ ನಾನು ಯಾವತ್ತೂ ಹಾಲು ಕಾಯಿಸಿಲ್ಲ. ಎಲ್ಲ ಡಬ್ಬಿ ಹಾಲು. ಮಾಡೋಕೆ ಒಂದು ಗುಂಡಿಗೆ ಕಾಜಾ ಹಾಕೋಷ್ಟು ಹೊತ್ತೂ ಬೇಡ."

ನಾದಿನಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನೋಡ್ರಪ್ಪಾ ದೊಡ್ಡ ಮನಸ್ಸು! ಸೊಸೆ ಮುಖ ಉಳ್ಸೋಕೆ ತನ್ನ ಮೇಲೇ ಸುಳ್ಳು ಹೇಳ್ಕೋತಿದ್ದಾಳೆ. ಇಂಥ ಅತ್ತೆ ಯಾರಿಗೆ ಸಿಗ್ತಾಳೆ!"

"ಸುಳ್ಳಲ್ಲ ಕಣೇ!"

"ಸುಮ್ನಿರು ಅತ್ತಿಗೆ, ನಮಗೆ ಗೊತ್ತಾಗಲ್ವಾ?" ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವಳಿಗೆ ಹಾರ ಹಾಕಿ ಶಾಲು ಹೊದಿಸುತ್ತಿದ್ದರು. ಟೈಲರಮ್ಮನಿಗೆ ನೆಲ ಬಿರಿಯಬಾರದೇ ಎನಿಸಿತು. ಹೊಗಳಿಕೆ ಇಷ್ಟು ಸುಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅವಳು ದಡದಡನೆ ಹೋಗಿ ಮೂಟೆಯನ್ನು ಎಳೆತಂದು ನಡುಮನೆಯಲ್ಲಿ ಸುರಿದಳು. ಬಣ್ಣಬಣ್ಣದ ಚೂರುಗಳ ಮೇಲೆ ಡಬ್ಬಿಗಳು ಉರುಳಿದವು. ತನ್ನ ಕತ್ತರಿ ಕಾಗದಕ್ಕೆ ತಾಗಿದರೂ ಮೊಂಡಾಗುತ್ತದೆಂದು ಮನೆಯೆಲ್ಲ ರಂಪ ಮಾಡುತ್ತಿದ್ದವಳು ಅದೇ ಕತ್ತರಿಯ ಮೊನೆಯಿಂದ ತಗಡನ್ನು ಕುಕ್ಕಿ ತೆರೆದಳು. ಬಿಸ್ಕತ್ತು ಪುಡಿಮಾಡಿ, ಬೆಣ್ಣೆ ಕಲಸಿ, ಬಟ್ಟಲಿನ ತಳಕ್ಕೆ ಅಮುಕಿದಳು. ಹಾಲು ಸುರಿದಳು, ನಿಂಬೆ ಹಿಂಡಿ ತಿರುವಿದಳು. ಎಲ್ಲರೂ ನೋಡುತ್ತಿದ್ದಂತೆಯೇ ಅದು ಗಟ್ಟಿಯಾಯಿತು. ಚಮಚ ನೆಟ್ಟಳು. ನಿಂತಿತು.

ಈಗ ಯಾರೂ ನಗಲಿಲ್ಲ.

ಸೊಸೆ ಬೊಬ್ಬೆಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. "ಮೊನ್ನೇನೇ ಹೇಳಬಹುದಿತ್ತಲ್ಲ ಅತ್ತೆ" ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಟೈಲರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಹುಡುಗಿಯ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತು ಆ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಹುಡುಗಿ ಕೊಟ್ಟಳು, ಆದರೆ ಮುಖ ಬೇರೆ ಕಡೆ ತಿರುಗಿಸಿದಳು.

ನಾದಿನಿಯ ದನಿ ಸಣ್ಣಗಾಗಿತ್ತು. "ನಾನೂ ಮನೇಲಿ ಪ್ರತಿ ವರ್ಷ ಕಾಯಿಸ್ತಿದ್ದೆ ಅತ್ತಿಗೆ. ಪ್ರತಿ ವರ್ಷ ಒಡೀತಿತ್ತು. ನಿನ್ನ ಕೈಗೆ ಗುಣ ಇಲ್ಲ ಅಂತ ನಮ್ಮತ್ತೆ ಸಾಯೋವರೆಗೂ ಅಂದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ."

ಟೈಲರಮ್ಮನಿಗೆ ಇದೊಂದು ಬಾಕಿಯಿತ್ತು. ಕಿವಿಯವರೆಗೂ ಮುಖ ಕೆಂಪಾಯಿತು.

ನಾದಿನಿಗೆ ಅಳು ಬಂತೋ ಸಿಟ್ಟು ಬಂತೋ, ಚಮಚವನ್ನು ಪುಡಿಂಗಿನಿಂದ ಕಿತ್ತು ಬಾಯಿಗಿಟ್ಟುಕೊಂಡಳು. ಅದೇ ರುಚಿ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ಇನ್ಮೇಲೆ ನಿನ್ನ ಒಂದು ಮಾತನ್ನಾದ್ರೂ ಯಾರು ನಂಬ್ತಾರೆ ಅತ್ತಿಗೆ?"

ಟೈಲರಮ್ಮ ತಲೆ ಎತ್ತಲಿಲ್ಲ, ಸೊಸೆಯ ಕೈ ಬಿಡಲೂ ಇಲ್ಲ.

"ನೀನಂತೂ ಸುಳ್ಳು ಹೇಳ್ದಾಗೆಲ್ಲ ನಂಬಿದೆ ಕಣೇ. ನಿಜ ಹೇಳಿದ್ದು ಇವತ್ತೊಂದೇ ದಿನ, ಅದಕ್ಕೆ ಡಬ್ಬಿ ಒಡೆದು ತೋರಿಸಬೇಕಾಯ್ತು."