ಕೆಂಪಾಗದ ತಂತಿ

ಹೆಬ್ಬಾಳದ ಕಡೆಯ ಆ ಸರ್ಕಾರಿ ಪ್ರಯೋಗಶಾಲೆಯಲ್ಲಿ ನನ್ನನ್ನು ಕಂಡರೆ ಎಲ್ಲರಿಗೂ ಹೆದರಿಕೆ. ಅದು ನನಗೆ ಗೊತ್ತಿತ್ತು, ಇಷ್ಟವೂ ಆಗುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಗಂಡಸರೇ ತುಂಬಿದ್ದ ಜಾಗದಲ್ಲಿ ಮೈಕ್ರೋಬಯಾಲಜಿಸ್ಟ್ ಆಗಿ ಬಂದ ಹೆಂಗಸು ನಾನೊಬ್ಬಳೇ. ಮೆತ್ತಗಿದ್ದರೆ ತಲೆಯ ಮೇಲೆ ಕೂರುತ್ತಾರೆ ಎಂದು ಮೊದಲ ವಾರವೇ ತೀರ್ಮಾನಿಸಿ, ಆಮೇಲೆ ಆ ತೀರ್ಮಾನವನ್ನು ಮತ್ತೆ ಯೋಚಿಸಲೇ ಇಲ್ಲ.

ಯಲಹಂಕದಿಂದ ಯಶವಂತಪುರದವರೆಗಿನ ಮಲ, ಕಫ, ಬಾವಿ ನೀರು ಎಲ್ಲವೂ ಬಾಟಲಿಗಳಲ್ಲಿ ನಮ್ಮ ಮೇಜಿಗೆ ಬರುತ್ತಿತ್ತು. ಒಂದು ಸಣ್ಣ ಪ್ಲಾಟಿನಂ ತಂತಿಯ ತುದಿಯಲ್ಲಿ ಅದನ್ನು ಚೂರೇ ಚೂರು ಎತ್ತಿ ರೋಗಾಣು ಬೆಳೆಯುವ ಆಹಾರ ತುಂಬಿದ ಪ್ಲೇಟಿನ ಮೇಲೆ ಗೀರುವುದು, ಎರಡು ದಿನ ಬಿಟ್ಟು ಏನು ಬೆಳೆದಿದೆ ನೋಡುವುದು, ಇಷ್ಟೇ ಕೆಲಸ. ನಿಯಮಗಳು ಎರಡು. ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ತಂತಿಯನ್ನು ಬರ್ನರಿನ ಉರಿಯಲ್ಲಿ ಕೆಂಪಗಾಗುವವರೆಗೆ ಕಾಯಿಸಬೇಕು. ಇನ್ನೊಂದು, ಪ್ಲೇಟು ಸರಿಯಾಗಿದೆಯೇ ಎಂದು ತಿಳಿಯಲು ನಾವೇ ಸಾಕಿ ಇಟ್ಟುಕೊಂಡಿದ್ದ ಟೈಫಾಯ್ಡ್ ರೋಗಾಣು, ಅಂದರೆ ಕಂಟ್ರೋಲ್, ಅದನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು. ಹೊಸದಾಗಿ ಸೇರಿದವರಿಂದ ನಾನು ಈ ಎರಡನ್ನೂ ಬಾಯಿಪಾಠ ಮಾಡಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಆರ್.ಟಿ. ನಗರದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಟೈಫಾಯ್ಡ್ ಎದ್ದಿತು. ಹೆಲ್ತ್ ಇನ್‌ಸ್ಪೆಕ್ಟರು ಅಡುಗೆಮನೆಯ ಮೂವರ ಮಲದ ಮಾದರಿ ತಂದಿಟ್ಟು ಹೋದರು. ಅವತ್ತು ಬೆಳಿಗ್ಗೆ ನಾನು ನಮ್ಮ ಹಿರಿಯ ಟೆಕ್ನಿಷಿಯನ್ನನ್ನು ಹಿಡಿದು ಜಾಡಿಸುತ್ತಿದ್ದೆ. ನನಗಿಂತ ಹದಿನೈದು ವರ್ಷ ದೊಡ್ಡವರು, ಜಾಲಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಸಾಧು ಮನುಷ್ಯ. ಹಿಂದಿನ ದಿನದ ಒಂದು ಪ್ಲೇಟು ಕಲಬೆರಕೆಯಾಗಿತ್ತು.

"ತಂತಿ ಕೆಂಪಗಾಗೋವರೆಗೂ ಕಾಯೋಕೆ ನಿಮಗೆ ಪುರುಸೊತ್ತಿಲ್ವೇನ್ರೀ? ಯಾರದೋ ಹೇಲು ಇನ್ಯಾರದೋ ತಲೆಗೆ ಕಟ್ತೀರಾ?" ಎಂದು ಎಲ್ಲರ ಮುಂದೆ ಕೇಳಿದೆ. "ಏಳಿ, ನಾನ್ ತೋರಿಸ್ತೀನಿ."

ಅವರ ಸ್ಟೂಲಿನಲ್ಲಿ ಕೂತೆ. ತೋರಿಸಲು ಕೈಗೆ ಹತ್ತಿರ ಸಿಕ್ಕಿದ್ದು ಕಂಟ್ರೋಲಿನ ಟ್ಯೂಬು. ಅದನ್ನೇ ತೆಗೆದು ಚೆಂದವಾಗಿ ಗೀರಿದೆ. ಬೈಯುತ್ತಲೇ ತಂತಿಯನ್ನು ಉರಿಗೆ ಹಿಡಿದೆ, ಬೈಯುತ್ತಲೇ ತೆಗೆದೆ, ಬೈಯುತ್ತಲೇ ಮುಂದಿನ ಮಾದರಿಗೆ ಕೈ ಹಾಕಿದೆ. ಅದು ಹಾಸ್ಟೆಲಿನ ಮುಖ್ಯ ಅಡುಗೆಯವಳದು.

ಎರಡು ದಿನದ ಮೇಲೆ ಆಕೆಯ ಪ್ಲೇಟಿನಲ್ಲಿ ಲೋಹದ ಹೊಳಪಿನ ಕಪ್ಪು ಚುಕ್ಕೆಗಳು ಎದ್ದಿದ್ದವು. ಟೈಫಾಯ್ಡೇ ಹೌದು. ನನಗೆ ಎಷ್ಟು ಖುಷಿಯಾಯಿತೆಂದರೆ ಪ್ಲೇಟನ್ನು ಹಿಡಿದುಕೊಂಡು ಕೋಣೆ ಕೋಣೆಗೂ ಹೋಗಿ ತೋರಿಸಿದೆ. ತಾನು ಕಾಯಿಲೆ ಬೀಳದೆ ಊರಿಗೆಲ್ಲ ಹಂಚುವವಳು ಸಿಕ್ಕಿದಳು ಎಂದು. ವರದಿಗೆ ಸಹಿ ಹಾಕಿದೆ. ಅಂದು ಮಧ್ಯಾಹ್ನವೇ ಆಕೆಯನ್ನು ಅಡುಗೆಮನೆಯಿಂದ ಹೊರಗೆ ಹಾಕಿದರಂತೆ. ವಾರಕ್ಕೊಂದರಂತೆ ಮೂರು ಸಲ ಪರೀಕ್ಷೆಯಾಗಿ, ಮೂರರಲ್ಲೂ ಏನೂ ಸಿಗದಿದ್ದರೆ ಕೆಲಸಕ್ಕೆ ವಾಪಸು ಬರಬಹುದು ಎಂದು ವಾರ್ಡನ್ನಮ್ಮ ಹೇಳಿ ಕಳಿಸಿದ್ದರು.

ಆಕೆ ಹುಣಸಮಾರನಹಳ್ಳಿಯಿಂದ ಬಸ್ಸಿನಲ್ಲಿ ಬಂದಳು. ಐವತ್ತರ ಆಸುಪಾಸಿನ ವಿಧವೆ, ಕೈಯಲ್ಲಿ ಕಾಗದ ಸುತ್ತಿದ ಬಾಟಲಿ. ಕಿಟಕಿಯ ಹೊರಗೇ ನಿಲ್ಲಿಸಿದೆ.

"ಬಾಗಿಲು ಮುಟ್ಬೇಡಿ. ಬಾಟ್ಲಿ ಕಟ್ಟೆ ಮೇಲಿಡಿ."

"ನಂಗೇನೂ ಆಗಿಲ್ಲ ಕಣವ್ವಾ. ಒಂದಿನಾನೂ ಜ್ವರ ಬಂದಿಲ್ಲ."

"ನಿಮಗೆ ಬರಲ್ಲ. ನಿಮ್ಮ ಕೈಯಲ್ಲಿ ಉಂಡವರಿಗೆ ಬರುತ್ತೆ."

ಆಕೆ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಏಳು ವರ್ಸ ಆ ಮಕ್ಳಿಗೆ ಬೇಯ್ಸಿ ಆಕಿವ್ನಿ. ಈಗ ಮನೇಲಿ ಸೊಸೆ ನನ್ ತಟ್ಟೆ ಲೋಟ ಬ್ಯಾರೆ ಮಡಗವ್ಳೆ. ಮೊಮ್ಮಗೀನ ಎತ್ಕೊಳಾಕೂ ಬಿಡಾಕಿಲ್ಲ."

"ಸರಿಯಾಗೇ ಮಾಡಿದಾರೆ" ಎಂದೆ.

ಮೊದಲ ಸಲ ಏನೂ ಸಿಗಲಿಲ್ಲ. ಇಂಥವರಲ್ಲಿ ರೋಗಾಣು ಒಂದು ದಿನ ಬಂದು ಒಂದು ದಿನ ಬರದೇ ಇರುವುದುಂಟು. ಎರಡನೆಯ ಸಲವೂ ಸಿಗಲಿಲ್ಲ. ಅಷ್ಟರಲ್ಲಿ ಹಾಸ್ಟೆಲಿನಲ್ಲಿ ಮತ್ತಿಬ್ಬರು ಹುಡುಗಿಯರು ಜ್ವರದಿಂದ ಮಲಗಿದರು. ಅಡುಗೆಯವಳು ಹೋಗಿ ಆಗಲೇ ಎರಡು ವಾರದ ಮೇಲಾಗಿತ್ತು. ಹಾಗಾದರೆ ಇವರಿಗೆ ಎಲ್ಲಿಂದ ಬಂತು? ಹುಡುಗಿಯರ ರಕ್ತದಿಂದ ಬೆಳೆಸಿದ ರೋಗಾಣು, ಆಕೆಯದು ಎಂದು ಎತ್ತಿಟ್ಟ ರೋಗಾಣು, ನಮ್ಮ ಕಂಟ್ರೋಲ್, ಮೂರನ್ನೂ ಪಕ್ಕಪಕ್ಕ ಇಟ್ಟು ಔಷಧಿಯ ಬಿಲ್ಲೆ ಹಾಕಿ ನೋಡಿದೆ. ಹುಡುಗಿಯರದು ಯಾವ ಔಷಧಿಗೆ ಜಗ್ಗಲಿಲ್ಲವೋ ಅದೇ ಔಷಧಿಗೆ ಆಕೆಯದು ಸತ್ತುಬಿದ್ದಿತ್ತು. ನಮ್ಮ ಕಂಟ್ರೋಲೂ ಹಾಗೆಯೇ, ಬಿಲ್ಲೆಯ ಸುತ್ತ ಅಷ್ಟೇ ಅಗಲಕ್ಕೆ ಸತ್ತಿತ್ತು. ಆಕೆಯದು ಎಂದುಕೊಂಡಿದ್ದು ನಮ್ಮ ಟ್ಯೂಬಿನದೇ.

ಟೆಕ್ನಿಷಿಯನ್ ಸಿಂಕಿನ ಹತ್ತಿರ ಗಾಜು ತೊಳೆಯುತ್ತಿದ್ದರು. ಬೇರೆ ಯಾರೂ ಇರಲಿಲ್ಲ.

"ಅವತ್ತು ನಾನು ತಂತಿ ಸರಿಯಾಗಿ ಕಾಯಿಸಿದ್ನೇನ್ರೀ?"

"ಇಲ್ಲ ಮೇಡಂ."

"ನೋಡಿದ್ರಾ?"

"ನೋಡ್ದೆ. ಕೆಂಪಗಾಗಿರ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವರು ನಲ್ಲಿ ನಿಲ್ಲಿಸಿದರು. "ನೀವು ಬೈತಾ ಇದ್ರಿ."

ಗಂಗಾನಗರದ ನನ್ನ ಮನೆಗೆ ಹೋಗಿ ತಿದ್ದುಪಡಿ ಪತ್ರ ಬರೆದೆ. ನಮ್ಮ ತಪ್ಪಿನಿಂದ ಹೀಗಾಗಿದೆ, ಆಕೆಯಲ್ಲಿ ರೋಗಾಣು ಎಂದೂ ಇರಲಿಲ್ಲ, ಎಂದು. "ನಮ್ಮ" ಎನ್ನುವುದನ್ನು ಹೊಡೆದುಹಾಕಿ "ನನ್ನ" ಎಂದು ಬರೆದೆ. ಓದಿಕೊಂಡರೆ ನಾಚಿಕೆಯಾಯಿತು. ಹರಿದು ಹಾಕಿದೆ. ಹೇಗೂ ಮೂರನೆಯದೂ ಸರಿ ಬರುತ್ತದೆ, ಆಕೆ ವಾಪಸು ಹೋಗುತ್ತಾಳೆ, ಯಾರಿಗೆ ಏನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಅದೇ ವಾರ ಹಾಸ್ಟೆಲಿನ ಸಂಪಿನ ನೀರು ತರಿಸಿ ಪರೀಕ್ಷಿಸಿದೆ. ಚರಂಡಿಯ ನೀರು ಸೇರುತ್ತಿತ್ತು. ಅದಕ್ಕೆ ಖಡಕ್ಕಾದ ವರದಿ ಬರೆದೆ, ಮೇಲಿನವರು ಹೊಗಳಿದರು. ಅದರಲ್ಲೂ ಅಡುಗೆಯವಳ ಬಗ್ಗೆ ಒಂದು ಅಕ್ಷರ ಬರೆಯಲಿಲ್ಲ.

ಮೂರನೆಯ ಪರೀಕ್ಷೆಯ ಕಾಗದವನ್ನು ಕಿಟಕಿಯಲ್ಲಿ ಕೊಟ್ಟಾಗ ಆಕೆ ಎರಡೂ ಕೈ ಮುಗಿದಳು. "ನೀವೇ ಬದುಕ್ಸಿದ್ರಿ ತಾಯಿ." ನಾನು ಆಗಲಿ ಎಂಬಂತೆ ತಲೆಯಾಡಿಸಿದೆ. ಆ ತಲೆಯಾಡಿಸುವಿಕೆಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಒಂದು ವಾರಕ್ಕೆ ಆಕೆ ಮತ್ತೆ ಬಂದಳು. ಈ ಸಲ ಕೈಯಲ್ಲಿ ಬಾಟಲಿ ಇರಲಿಲ್ಲ, ಸ್ಟೀಲ್ ಡಬ್ಬಿ ಇತ್ತು.

"ವಾರ್ಡನ್ನಮ್ಮಾರು ಕಾಗ್ದ ನೋಡಿದ್ರು. ಆದ್ರೂ ಮಕ್ಳು ಅಸಹ್ಯ ಪಡ್ತವೆ, ಬ್ಯಾಡ ಅಂತಾರೆ. ಲ್ಯಾಬಿನೋರೇ ನನ್ ಕೈಲಿ ತಿಂದ್ರು ಅಂತ ನೀವೊಂದ್ ಫೋನ್ ಮಾಡಿದ್ರೆ ಕೆಲ್ಸಕ್ಕೆ ಮಡಿಕ್ಕೋತಾರಂತೆ. ಕಜ್ಜಾಯ ತಂದಿವ್ನಿ, ಎಲ್ರಿಗೂ. ಒಂದೊಂದು ತಿನ್ನಿ ತಾಯಿ."

ಹೊರಗೆ ಹೊಂಗೆ ಮರದ ಕೆಳಗೆ ಕೂತಿರಲು ಹೇಳಿ ಡಬ್ಬಿ ಒಳಗೆ ತರಿಸಿದೆ. ಮುಚ್ಚಳ ತೆಗೆದಾಗ ತುಪ್ಪ, ಏಲಕ್ಕಿಯ ವಾಸನೆ ಕೋಣೆ ತುಂಬಿತು. ಐದಾರು ಜನ ಸುತ್ತ ನಿಂತು ಡಬ್ಬಿಯನ್ನಲ್ಲ, ನನ್ನ ಮುಖವನ್ನು ನೋಡಿದರು. ನಾನೊಂದು ತಿಂದಿದ್ದರೆ ಎಲ್ಲರೂ ತಿನ್ನುತ್ತಿದ್ದರು. ಅದರಲ್ಲಿ ಯಾವ ರೋಗಾಣುವೂ ಇಲ್ಲ ಎಂದು ಭೂಮಿಯ ಮೇಲೆ ಖಚಿತವಾಗಿ ಗೊತ್ತಿದ್ದವರು ಇಬ್ಬರೇ. ಎರಡನೆಯವರು ಕೈ ಚಾಚಿದರು. ಟೆಕ್ನಿಷಿಯನ್ನರ ಬೆರಳು ಕಜ್ಜಾಯವನ್ನು ಮುಟ್ಟಿಯೂ ಇತ್ತು.

ಆ ಕೈ ನನ್ನನ್ನು ಎಲ್ಲರ ಮುಂದೆ ಬಯಲಿಗೆಳೆಯುತ್ತಿದೆ ಅನ್ನಿಸಿತು. ಅಷ್ಟು ಧೈರ್ಯ ನಿಮಗೆ ಹೇಗೆ ಬಂತು ಎಂದು ಯಾರಾದರೂ ಅವರನ್ನು ಕೇಳಿದರೆ?

"ಏನ್ರೀ ಅದು, ಲ್ಯಾಬಲ್ಲಿ ತಿನ್ನೋದಾ?" ಎಂದೆ. "ಎಷ್ಟು ಸಲ ಹೇಳ್ಬೇಕು? ಡಬ್ಬಿ ಸಮೇತ ಆಟೋಕ್ಲೇವಿಗೆ ಹಾಕಿ."

ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಬಳಸಿ ಬಿಸಾಡುವ ಪ್ಲೇಟುಗಳ ಜೊತೆ ಆ ಡಬ್ಬಿಯನ್ನೂ ಆಟೋಕ್ಲೇವಿನ ರೋಗಾಣು ಕೊಲ್ಲುವ ಹಬೆಯಲ್ಲಿ ಬೇಯಿಸಿದರು. ಗೊಜ್ಜಾಗಿ ಹೋಗಿದ್ದ ಕಜ್ಜಾಯವನ್ನು ಬಕೆಟ್ಟಿಗೆ ಸುರಿದರು, ಡಬ್ಬಿಯನ್ನು ಬಿಸಿನೀರಿಗೆ ಫಿನಾಯಿಲ್ ಹಾಕಿ ತೊಳೆದು ನನ್ನ ಕೈಗೇ ಕೊಟ್ಟರು. ನಾನೇ ಹೊರಗೆ ಹೋದೆ.

"ತಿಂದ್ರಾ ತಾಯಿ?" ಆಕೆ ಎದ್ದು ನಿಂತಳು.

"ತಿಂದ್ವಿ."

"ಬೆಲ್ಲ ಎಂಗಿತ್ತು?"

"ಸರಿಯಾಗಿತ್ತು."

ಡಬ್ಬಿ ಇನ್ನೂ ಬಿಸಿ ಇತ್ತು. ಆಕೆ ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಮುಚ್ಚಳ ತೆಗೆದಳು, ಮೂಗಿನ ಹತ್ತಿರ ತಂದಳು. ಮೂವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಪಾತ್ರೆಯ ವಾಸನೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಮುಚ್ಚಳವನ್ನು ಬಿಗಿಯಾಗಿ ಒತ್ತಿದಳು.

"ಫೋನು ಬ್ಯಾಡ ಬುಡಿ" ಎಂದಳು. ನೆರಳು ಬಿಟ್ಟು ಬಸ್ ಸ್ಟಾಪಿನ ಕಡೆ ನಡೆದಳು.

ನಾನು ಒಳಗೆ ಬಂದು ಸೋಪು ಹಾಕಿ ಎರಡೂ ಕೈ ತೊಳೆದುಕೊಂಡೆ. ಆಕೆಯನ್ನು ನಾನು ಮುಟ್ಟಿರಲೂ ಇಲ್ಲ. ಪಕ್ಕದ ಸಿಂಕಿನಲ್ಲಿ ಗಾಜು ತೊಳೆಯುತ್ತಿದ್ದ ಟೆಕ್ನಿಷಿಯನ್ ಅದನ್ನೂ ನೋಡಿದರು, ಅದನ್ನೂ ಹೇಳಲಿಲ್ಲ.